ದುಡುಕಿ ತಂದ ಕೋಳಿಮರಿ



ಜಾತ್ರೆಯಲ್ಲೋ ಹಬ್ಬದ ಸಂತೆಯಲ್ಲೋ ಬಣ್ಣ ಬಳಿದ ಕೋಳಿಮರಿಗಳನ್ನು ಬುಟ್ಟಿಯಲ್ಲಿಟ್ಟು ಮಾರುವುದನ್ನು ನೀವು ನೋಡಿರುತ್ತೀರಿ. ಮಗು ಹಟ ಹಿಡಿಯುತ್ತದೆ. ಬೆಲೆಯೂ ಕಡಿಮೆ. ಎರಡು ಮರಿ ಮನೆಗೆ ಬರುತ್ತವೆ. ಎರಡು ಮೂರು ದಿನಗಳಲ್ಲಿ ಅವು ಮುದುಡಿ ಕುಳಿತು ಸಾಯುತ್ತವೆ. ಅವು ಹೆಚ್ಚಾಗಿ ಮೊಟ್ಟೆಕೋಳಿ ತಳಿಯ ಗಂಡುಮರಿಗಳು. ಮೊಟ್ಟೆ ಇಡಲಾರವು ಎಂಬ ಕಾರಣಕ್ಕೇ ಅಷ್ಟು ಅಗ್ಗವಾಗಿ ಸಂತೆಗೆ ಬಂದಂಥವು. ಕೊಂಡವರಲ್ಲಿ ಕೆಟ್ಟ ಉದ್ದೇಶವೇನೂ ಇರಲಿಲ್ಲ. ಯೋಚಿಸಲಿಲ್ಲ, ಅಷ್ಟೇ.

ಒಂದು ಮನೆಯಲ್ಲಿ ನಡೆಯುವ ಈ ಸಂಗತಿ ಇಡೀ ದೇಶದಲ್ಲಿ ಒಮ್ಮೆಗೇ ನಡೆದರೆ ಹೇಗಿರುತ್ತದೆ?

ಎರಡು ವಸಂತಗಳು

2020ರ ಮಾರ್ಚ್ ತಿಂಗಳಲ್ಲಿ ಕೊರೋನಾ ಭಯ ಹರಡಿದಾಗ ಅಮೆರಿಕದ ಅಂಗಡಿಗಳಲ್ಲಿ ಮೊಟ್ಟೆಯ ಕಪಾಟುಗಳು ಖಾಲಿಯಾದವು. ಅದು ಅಲ್ಲಿ ಕೋಳಿಮರಿಗಳ ಮಾರಾಟದ ಕಾಲವೂ ಹೌದು. ಎಂದೂ ಕೋಳಿ ಸಾಕದವರು ಕೂಡ ಮರಿ ಕೊಳ್ಳಲು ಸಾಲು ನಿಂತರು. ಮರಿ ಮಾಡಿಸುವ ಕೇಂದ್ರಗಳಲ್ಲಿ ಮುಂದಿನ ಎಷ್ಟೋ ವಾರಗಳ ಮರಿಗಳು ಮುಂಗಡವಾಗಿಯೇ ಮಾರಾಟವಾದವು.

ಐದು ವರ್ಷಗಳ ಬಳಿಕ ಇದೇ ಕಥೆ ಮರುಕಳಿಸಿತು. 2022ರಿಂದ ಅಲ್ಲಿ ಹರಡಿದ ಹಕ್ಕಿಜ್ವರದಿಂದ 2025ರ ವಸಂತದ ಹೊತ್ತಿಗೆ 16 ಕೋಟಿಗೂ ಹೆಚ್ಚು ಹಕ್ಕಿಗಳು ನಾಶವಾಗಿದ್ದವು. 2025ರ ಮಾರ್ಚ್‌ನಲ್ಲಿ ಒಂದು ಡಜನ್ ಮೊಟ್ಟೆಯ ಸರಾಸರಿ ಬೆಲೆ 6 ಡಾಲರ್ ದಾಟಿತು. ಮತ್ತೆ ಜನ ಮರಿಗಳಿಗಾಗಿ ಓಡಿದರು.

ಈಗ ಒಂದು ಸರಳ ಲೆಕ್ಕ ನೋಡಿ. ಮಾರ್ಚ್‌ನಲ್ಲಿ ತಂದ ಮರಿ ಮೊದಲ ಮೊಟ್ಟೆ ಇಡಲು ಸುಮಾರು ಐದು ತಿಂಗಳು ಬೇಕು. ಅಂದರೆ ಆಗಸ್ಟ್. ಆ ಆಗಸ್ಟ್‌ಗೆ ಅಂಗಡಿಯ ಮೊಟ್ಟೆಯ ಬೆಲೆ ಡಜನ್‌ಗೆ 4 ಡಾಲರ್‌ಗಿಂತ ಕೆಳಗಿಳಿದಿತ್ತು. ಭಯ ಹೋಗಿತ್ತು. ಹಿತ್ತಲಲ್ಲಿ ಕೋಳಿ ಉಳಿದಿತ್ತು. ಅದರ ಮೇವು, ಗೂಡು, ಗಲೀಜು, ಕಾಯಿಲೆ ಎಲ್ಲವೂ ಉಳಿದಿದ್ದವು.

ಇದು ದೂರದ ದೇಶದ ಮಾತೆಂದು ನಾವು ನಗಬೇಕಾಗಿಲ್ಲ. ಅದೇ 2020ರ ಮಾರ್ಚ್‌ನಲ್ಲಿ, ಅದೇ ರೋಗದ ಹೆಸರಿನಲ್ಲಿ, ನಮ್ಮಲ್ಲಿ ಇದಕ್ಕೆ ನೇರ ವಿರುದ್ಧವಾದದ್ದು ನಡೆಯಿತು. ಕೋಳಿಮಾಂಸದಿಂದ ಕೊರೋನಾ ಬರುತ್ತದೆ ಎಂಬ ಗಾಳಿಮಾತು ಹಬ್ಬಿತು. ಆಧಾರವಿಲ್ಲದ ಈ ಮಾತನ್ನು ನಂಬಿ ಜನ ಕೋಳಿ ಕೊಳ್ಳುವುದನ್ನೇ ಬಿಟ್ಟರು. ಬೆಲೆ ಕುಸಿಯಿತು. ಮೇವಿನ ಖರ್ಚೂ ಹುಟ್ಟದೆ ಬೆಳಗಾವಿ ಜಿಲ್ಲೆಯಲ್ಲಿ ಸಾವಿರಾರು ಕೋಳಿಗಳನ್ನು ಜೀವಂತವಾಗಿ ಗುಂಡಿಗೆ ಹಾಕಿ ಹೂಳಲಾಯಿತು. ಅಲ್ಲಿ ಭಯದಿಂದ ಮರಿ ಕೊಂಡರು, ಇಲ್ಲಿ ಭಯದಿಂದ ಕೋಳಿ ಬಿಟ್ಟರು. ಒಂದೇ ಭಯ ಒಂದೇ ತಿಂಗಳಲ್ಲಿ ಎರಡು ವಿರುದ್ಧ ಸಲಹೆಗಳನ್ನು ಕೊಟ್ಟಿತೆಂದರೆ, ಆ ಸಲಹೆಗಾರನನ್ನು ಎಷ್ಟು ನಂಬಬಹುದು?

ಮೆಟ್ಟಿಲು ಬಿಟ್ಟು ಹಾರುವವನು

ಸಂತ ಥಾಮಸ್ ಅಕ್ವಿನಾಸರು 13ನೇ ಶತಮಾನದಲ್ಲಿ ವಿವೇಕವೆಂಬ ಸದ್ಗುಣವನ್ನು ವಿವರಿಸುವಾಗ ಅದಕ್ಕೆ ವಿರುದ್ಧವಾದ ದೋಷಗಳಲ್ಲಿ ದುಡುಕನ್ನೂ ಸೇರಿಸುತ್ತಾರೆ. ಅವರು ಕೊಡುವ ಚಿತ್ರ ಮನಸ್ಸಿನಲ್ಲಿ ನಿಲ್ಲುವಂಥದು. ಬುದ್ಧಿ ಮೇಲಿದೆ, ಕ್ರಿಯೆ ಕೆಳಗಿದೆ. ಮೇಲಿನಿಂದ ಕೆಳಕ್ಕೆ ಇಳಿಯಲು ಮೆಟ್ಟಿಲುಗಳಿವೆ. ಒಂದೊಂದೇ ಮೆಟ್ಟಿಲಿಳಿದು ಬರುವವನು ವಿವೇಕಿ. ಮೆಟ್ಟಿಲು ಬಿಟ್ಟು ಮೇಲಿನಿಂದಲೇ ಧುಮುಕುವವನು ದುಡುಕಿನವನು. ಅವರು ಹೆಸರಿಸುವ ಮೆಟ್ಟಿಲುಗಳು ಐದು. ಅವನ್ನು ನಮ್ಮ ಕೋಳಿಮರಿಗೆ ಅನ್ವಯಿಸಿ ನೋಡೋಣ.

ಮೊದಲನೆಯದು ಹಿಂದಿನದರ ನೆನಪು. ತಮಿಳುನಾಡಿನ ಪೆರುಂದುರೈ ಕಡೆಯ ಎಮು ಹಕ್ಕಿಗಳ ಕಥೆ ನೆನಪಿದೆಯೇ? ದೊಡ್ಡ ಲಾಭದ ಮಾತು ಕೇಳಿ ಸಾವಿರಾರು ಜನ ಹಣ ಹೂಡಿದರು. 2012ರಲ್ಲಿ ಆ ವ್ಯವಹಾರ ಮುರಿದುಬಿದ್ದಾಗ ಹಣವೂ ಹೋಯಿತು, ಹಕ್ಕಿಗಳಿಗೆ ಮೇವು ಹಾಕುವವರೂ ಇಲ್ಲದಾಯಿತು. ಕೊನೆಗೆ ಸರ್ಕಾರವೇ ಮೇವು ಒದಗಿಸಬೇಕಾಯಿತು. ಸುದ್ದಿಯ ಬಿಸಿಯಲ್ಲಿ ಕೊಂಡ ಜೀವಿಗೆ ಸುದ್ದಿ ಆರಿದ ಮೇಲೂ ಹಸಿವಾಗುತ್ತದೆ.

ಎರಡನೆಯದು ಇಂದಿನ ಸ್ಥಿತಿಯ ಅರಿವು. ನಮ್ಮ ಮನೆಗೆ ವಾರಕ್ಕೆ ಎಷ್ಟು ಮೊಟ್ಟೆ ಬೇಕು? ಗೂಡಿಗೆ ಜಾಗವಿದೆಯೇ? ನಾಯಿ, ಬೆಕ್ಕು, ಮುಂಗುಸಿಗಳಿಂದ ರಕ್ಷಣೆ ಇದೆಯೇ? ಬೆಳಗಿನ ಜಾವದ ಕೂಗನ್ನು ನೆರೆಮನೆಯವರು ಸಹಿಸುವರೇ? ದಿನವೂ ನೀರು ಬದಲಿಸಿ ಗೂಡು ಶುಚಿಗೊಳಿಸುವವರು ಯಾರು? ಮನೆಯವರೆಲ್ಲ ಊರಿಗೆ ಹೋದರೆ ಯಾರು? ಬಹಳ ಮನೆಗಳಲ್ಲಿ ಕೊಳ್ಳುವವನು ತಂದೆ, ಆಸೆಪಡುವವರು ಮಕ್ಕಳು, ಗೂಡು ಬಳಿಯುವವಳು ತಾಯಿ. ಆಕೆಯನ್ನು ಮೊದಲೇ ಕೇಳಿದ್ದೀರಾ?

ಮೂರನೆಯದು ಮುಂದಾಲೋಚನೆ. ಲಿಂಗ ಗುರುತಿಸದೆ ಕೊಂಡ ಹತ್ತು ಮರಿಗಳಲ್ಲಿ ಸುಮಾರು ಅರ್ಧ ಹುಂಜಗಳೇ. ಅವು ಮೊಟ್ಟೆ ಇಡುವುದಿಲ್ಲ, ಬೆಳೆದಂತೆ ಒಂದರೊಡನೊಂದು ಕಾದಾಡುತ್ತವೆ. ಹೇಂಟೆ ಚೆನ್ನಾಗಿ ಮೊಟ್ಟೆ ಇಡುವುದು ಮೊದಲ ಎರಡು ವರ್ಷ. ಆದರೆ ಅದು ಆರೆಂಟು ವರ್ಷ ಬದುಕಬಲ್ಲದು. ಆಮೇಲೆ ಏನು ಮಾಡುವಿರಿ? ಸಾರಿಗೆ ಎಂದರೆ ಅದೂ ಒಂದು ಉತ್ತರವೇ. ಆದರೆ ಮಕ್ಕಳು ಹೆಸರಿಟ್ಟು ಸಾಕಿದ ಕೋಳಿಯಾದರೆ ಆ ಮಾತನ್ನು ಮೊದಲೇ ಆಡಿಕೊಂಡಿರುವುದು ಒಳ್ಳೆಯದು.

ಇಲ್ಲಿಯೇ ಆರೋಗ್ಯದ ಮಾತನ್ನೂ ಹೇಳಬೇಕು. ಆರೋಗ್ಯವಾಗಿ ಕಾಣುವ ಮರಿಯ ಮೈಯಲ್ಲೂ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು. ಅಮೆರಿಕದಲ್ಲಿ 2020ರಲ್ಲಿ ಹಿತ್ತಲ ಕೋಳಿಗಳ ಸಂಪರ್ಕದಿಂದ ಇದು ತಗುಲಿದವರು 1,700ಕ್ಕೂ ಹೆಚ್ಚು ಎಂದು ದಾಖಲಾಯಿತು. ಅವರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರು ಐದು ವರ್ಷದೊಳಗಿನ ಮಕ್ಕಳು. ಮರಿ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯಬೇಕು. ಮರಿಗೆ ಮುತ್ತಿಡಲು ಬಿಡಬಾರದು. ಅಡುಗೆಮನೆಯೊಳಗೆ ತರಬಾರದು. ಐದು ವರ್ಷದೊಳಗಿನವರ ಕೈಗೆ ಕೊಡದಿರುವುದೇ ಲೇಸು.

ನಾಲ್ಕನೆಯದು ಒಂದನ್ನು ಇನ್ನೊಂದರೊಡನೆ ಹೋಲಿಸಿ ನೋಡುವುದು. ಬೆಳೆದ ಕೋಳಿಯೊಂದು ದಿನಕ್ಕೆ ಸುಮಾರು 100ರಿಂದ 120 ಗ್ರಾಂ ಮೇವು ತಿನ್ನುತ್ತದೆ. ಪೂರ್ತಿ ಕೈಮೇವಿನಲ್ಲೇ ಸಾಕಿದರೆ ಐದು ಕೋಳಿಗಳಿಗೆ ತಿಂಗಳಿಗೆ 15ರಿಂದ 18 ಕಿಲೋ. ಹಿತ್ತಲಲ್ಲಿ ಮೇಯುವ ನಾಟಿಕೋಳಿಗೆ ಕೈಮೇವು ಕಡಿಮೆ ಸಾಕು, ಆದರೆ ಅದು ವರ್ಷಕ್ಕೆ ಇಡುವುದು 50ರಿಂದ 70 ಮೊಟ್ಟೆ. ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ, ಸ್ವರ್ಣಧಾರ ತಳಿಗಳು ಅದರ ಎರಡು ಪಟ್ಟು ಅಥವಾ ಹೆಚ್ಚು ಇಡುತ್ತವೆ. ಗೂಡಿನ ಖರ್ಚು, ಔಷಧ, ಸತ್ತುಹೋಗುವ ಮರಿಗಳ ನಷ್ಟ ಎಲ್ಲವನ್ನೂ ಕಾಗದದ ಮೇಲೆ ಬರೆಯಿರಿ. ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕುವನೆಂದು ಯೇಸುಸ್ವಾಮಿ ಹೇಳಿದ್ದು ಲೂಕನ ಶುಭಸಂದೇಶದ 14ನೇ ಅಧ್ಯಾಯದಲ್ಲಿದೆ. ಅಲ್ಲಿ ಕುಳಿತು ಎಂಬ ಮಾತನ್ನು ಗಮನಿಸಿ. ನಿಂತ ಕಾಲಲ್ಲಿ ಹಾಕುವ ಲೆಕ್ಕವಲ್ಲ ಅದು.

ಐದನೆಯದು ಬಲ್ಲವರಿಂದ ಕಲಿಯುವ ಮನಸ್ಸು. ಕೋಳಿಯನ್ನು ಕೇಳಿ ಮಸಾಲೆ ಅರೆಯುತ್ತಾರೆಯೇ ಎಂಬ ಗಾದೆ ನಮ್ಮಲ್ಲಿದೆ. ಅರೆಯುವಾಗ ಕೇಳಬೇಕಾಗಿಲ್ಲ, ಸಾಕುವಾಗ ಮಾತ್ರ ಕೇಳಲೇಬೇಕು. ಮೊದಲ ವಾರ ಮರಿಗೆ ಸುಮಾರು 35 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಮುಂದೆ ವಾರವಾರವೂ ಸುಮಾರು ಮೂರು ಡಿಗ್ರಿಯಂತೆ ಕಡಿಮೆ ಮಾಡುತ್ತ ಬರಬೇಕು. ತಾಯಿಕೋಳಿಯ ರೆಕ್ಕೆ ಮಾಡುವ ಕೆಲಸವನ್ನು ದೀಪ ಮಾಡಬೇಕು. ಸಂತೆಯ ಮರಿ ಮುದುಡಿ ಸಾಯುವುದಕ್ಕೆ ಚಳಿಯೂ ಒಂದು ಮುಖ್ಯ ಕಾರಣ. ರಾಣಿಖೇತ್ ರೋಗ ಬಂದರೆ ಕೆಲವೇ ದಿನಗಳಲ್ಲಿ ಗೂಡು ಬರಿದಾಗಬಹುದು. ಅದಕ್ಕೆ ಮದ್ದಿಲ್ಲ, ಲಸಿಕೆ ಇದೆ. ಮೊದಲ ವಾರದಲ್ಲೇ ಹನಿ ಹಾಕಿಸಿ, ಮುಂದಿನದನ್ನು ಹತ್ತಿರದ ಪಶುವೈದ್ಯರು ಹೇಳಿದಂತೆ ಮಾಡಿಸಬೇಕು. ನಿಮ್ಮ ಕೇರಿಯಲ್ಲಿ ಕೋಳಿ ಸಾಕಿದ ಅಜ್ಜಿಯೊಬ್ಬರಿದ್ದರೆ ಅವರ ಬಳಿ ಅರ್ಧ ಗಂಟೆ ಕುಳಿತುಕೊಳ್ಳಿ.

ಕೂಡಿಡುವುದೂ ಹೊಣೆ ಹೊರುವುದೂ

ಹಾಗಾದರೆ ಕಷ್ಟಕಾಲಕ್ಕೆ ಸಿದ್ಧರಾಗುವುದು ತಪ್ಪೇ? ಖಂಡಿತ ಅಲ್ಲ. ಈಜಿಪ್ಟಿನಲ್ಲಿ ಯೋಸೇಫನು ಸಮೃದ್ಧಿಯ ಏಳು ವರ್ಷಗಳಲ್ಲಿ ಬೆಳೆಯ ಐದನೆಯ ಒಂದು ಪಾಲನ್ನು ಕೂಡಿಡಿಸಿದನು. ಮರುಭೂಮಿಯಲ್ಲಿ ನಾಳೆ ಸಿಗದೇನೋ ಎಂದು ಬಚ್ಚಿಟ್ಟ ಮನ್ನವಾದರೋ ಹುಳುಬಿದ್ದು ನಾರಿತು. ಇಬ್ಬರೂ ಕೂಡಿಟ್ಟವರೇ. ಒಬ್ಬನು ಶಾಂತಿಯ ದಿನಗಳಲ್ಲಿ, ಎಲ್ಲರಿಗಾಗಿ, ಅಳತೆಯಿಟ್ಟು ಕೂಡಿಟ್ಟನು. ಇನ್ನೊಬ್ಬನು ಭಯದಿಂದ, ತನಗಾಗಿ ಬಚ್ಚಿಟ್ಟನು.

ಇನ್ನೂ ಒಂದು ವ್ಯತ್ಯಾಸವಿದೆ. ಅಕ್ಕಿಮೂಟೆಯನ್ನು ದುಡುಕಿ ತಂದರೆ ಹೆಚ್ಚೆಂದರೆ ಹುಳು ಹಿಡಿದೀತು. ಕೋಳಿಮರಿ ಅಕ್ಕಿಮೂಟೆಯಲ್ಲ. ಅದಕ್ಕೆ ಚಳಿಯಿದೆ, ದಾಹವಿದೆ, ನೋವಿದೆ. ನಮ್ಮ ದುಡುಕಿನ ಬೆಲೆಯನ್ನು ಅದು ತೆರುತ್ತದೆ. 1992ರಲ್ಲಿ ಹೊರಬಂದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು ಪ್ರಾಣಿಗಳನ್ನು ಆಹಾರಕ್ಕಾಗಿ ಬಳಸಲು ಒಪ್ಪುತ್ತದೆ. ಆದರೆ ಅವುಗಳಿಗೆ ನಿಷ್ಕಾರಣವಾಗಿ ಹಿಂಸೆ ಕೊಡುವುದು ಮನುಷ್ಯನ ಘನತೆಗೇ ಒಪ್ಪದು ಎಂದೂ ಬೋಧಿಸುತ್ತದೆ.

ಆದ್ದರಿಂದ ಬೆಲೆ ಏರಿದಾಗ, ಸುದ್ದಿ ಹೆದರಿಸಿದಾಗ, ನಾಲ್ಕು ಕೋಳಿ ಸಾಕಿಬಿಡೋಣವೇ ಎಂದು ನಿಮಗೆ ಅನಿಸಿದರೆ ಅದನ್ನು ತಳ್ಳಿಹಾಕಬೇಡಿ. ಕೋಳಿ ಸಾಕುವುದು ಒಳ್ಳೆಯ ಕೆಲಸ. ಮಕ್ಕಳಿಗೆ ಹೊಣೆಗಾರಿಕೆ ಕಲಿಸುತ್ತದೆ, ತರಕಾರಿ ಮಡಿಗೆ ಗೊಬ್ಬರ ಕೊಡುತ್ತದೆ. ಆದರೆ ಎರಡು ಭಾನುವಾರ ಕಳೆಯಲಿ. ಆ ಹದಿನೈದು ದಿನಗಳಲ್ಲಿ ಮೊದಲು ಗೂಡು ಕಟ್ಟಿ. ಗೂಡು ಕಟ್ಟುವಷ್ಟು ಉತ್ಸಾಹ ಉಳಿಯದಿದ್ದರೆ ಸಾಕುವ ಉತ್ಸಾಹವೂ ಉಳಿಯುತ್ತಿರಲಿಲ್ಲ. ಗೂಡು ಮುಗಿದ ಮೇಲೂ ಆಸೆ ಉಳಿದಿದ್ದರೆ ಧೈರ್ಯವಾಗಿ ಮರಿ ತನ್ನಿ, ಹತ್ತಲ್ಲ, ಮೂರೋ ನಾಲ್ಕೋ.

ಮನೆಯಲ್ಲಿ ಕೂಡಿ ಆಲೋಚಿಸಲು

1. ಕಳೆದ ಐದಾರು ವರ್ಷಗಳಲ್ಲಿ ಭಯದಿಂದ ಅಥವಾ ಗಾಳಿಮಾತಿನಿಂದ ನಮ್ಮ ಮನೆಗೆ ಬಂದ ವಸ್ತು ಯಾವುದು? ಅದು ಈಗ ಎಲ್ಲಿದೆ?

2. ಐದು ಮೆಟ್ಟಿಲುಗಳಲ್ಲಿ ನಮ್ಮ ಮನೆಯವರು ಸಾಮಾನ್ಯವಾಗಿ ಬಿಟ್ಟು ಹಾರುವುದು ಯಾವುದನ್ನು?

3. ನಮ್ಮ ಮನೆಯಲ್ಲಿ ನಿರ್ಧಾರ ಮಾಡುವವರು ಯಾರು, ಅದರ ದುಡಿಮೆಯನ್ನು ಹೊರುವವರು ಯಾರು? ಇಬ್ಬರೂ ಒಂದೆಡೆ ಕುಳಿತು ಮಾತನಾಡಿದ್ದು ಯಾವಾಗ?