ನಡೆದು ಕಲಿಯುವ ನಾಡು
ಬೀದರ ಸೀಮೆಯ ಪಾದಯಾತ್ರೆಗಳು: ಒಂದು ಅಧ್ಯಯನ

1. ಪೀಠಿಕೆ

ಒಂದು ಊರಿನ ಪರಿಚಯವಾಗಬೇಕಾದರೆ ಆ ಊರಿಗೆ ಹೋದರೆ ಸಾಕು. ಒಂದು ನಾಡಿನ ಪರಿಚಯವಾಗಬೇಕಾದರೆ ಊರಿಂದೂರಿಗೆ ನಡೆಯಬೇಕು. ಬೀದರದಿಂದ ಭಾಲ್ಕಿಗೆ ಸುಮಾರು 40 ಕಿಲೋಮೀಟರು. ಬಸ್ಸಿನಲ್ಲಿ ಕುಳಿತ ವಿದ್ಯಾರ್ಥಿಗೆ ಇದು ಒಂದು ಗಂಟೆಯ ಹಾದಿ. ಆ ಒಂದು ಗಂಟೆಯಲ್ಲಿ ಕೆಂಪು ನೆಲ ಎಲ್ಲಿ ಮುಗಿದು ಕಪ್ಪು ನೆಲ ಎಲ್ಲಿ ತೊಡಗಿತು, ಯಾವ ಊರಿನ ಬಾವಿಯಲ್ಲಿ ಸಿಹಿನೀರು, ಯಾವ ಊರಲ್ಲಿ ಮನೆಮಾತು ಮರಾಠಿ ಎಂಬುದೊಂದೂ ಅವನಿಗೆ ತಿಳಿಯುವುದಿಲ್ಲ. ಅದೇ ಹಾದಿಯನ್ನು ಎರಡು ಅಥವಾ ಮೂರು ದಿನ ನಡೆದವನಿಗೆ ಇವೆಲ್ಲವೂ ಕೇಳದೆಯೇ ತಿಳಿಯುತ್ತವೆ.

ನಮ್ಮ ಹಿರಿಯರು ಪುಣ್ಯದ ಹಂಬಲದಿಂದ ನಡೆದರು. ಜೊತೆಗೆ ನಾಡನ್ನು ಅರಿತರು. ಇಂದು ಯಾತ್ರೆಗಳು ಉಳಿದಿವೆಯಾದರೂ ನಡಿಗೆ ಕ್ಷೀಣಿಸುತ್ತಿದೆ. ಈ ಸೀಮೆಯ ಪಾದಯಾತ್ರೆಗಳ ಸ್ವರೂಪವೇನು, ಶರಣಧರ್ಮದಲ್ಲಿ ಅವುಗಳಿಗೆ ಸ್ಥಾನವುಂಟೇ, ದೂರದ ಜಪಾನಿನ ಒಂದು ಪ್ರಾಚೀನ ಯಾತ್ರಾಮಾರ್ಗದಿಂದ ಕಲಿಯಬೇಕಾದುದೇನು, ಮಠದ ಶಾಲೆಯೊಂದು ನಡಿಗೆಯನ್ನು ಪಾಠವಾಗಿ ಮಾಡಿಕೊಳ್ಳಬಹುದೇ ಎಂಬ ನಾಲ್ಕು ಪ್ರಶ್ನೆಗಳನ್ನು ಈ ಲೇಖನದಲ್ಲಿ ಪರಿಶೀಲಿಸಲಾಗಿದೆ.

2. ಶರಣರ ನಡೆ

ಮೊದಲಿಗೇ ಒಂದು ಆಕ್ಷೇಪವನ್ನು ಎದುರಿಸಬೇಕು. ತೀರ್ಥದಲ್ಲಿ ಮುಳುಗಿದರೆ ಪಾಪ ಕಳೆಯುತ್ತದೆ, ಕ್ಷೇತ್ರವನ್ನು ಕಂಡರೆ ಮುಕ್ತಿ ದೊರೆಯುತ್ತದೆ ಎಂಬ ನಂಬಿಕೆಯನ್ನು ಹನ್ನೆರಡನೆಯ ಶತಮಾನದ ಶರಣರು ಒಪ್ಪಲಿಲ್ಲ. ಅಂಗದ ಮೇಲೆ ಇಷ್ಟಲಿಂಗವಿರುವಾಗ ದೇವರನ್ನು ಅರಸಿ ಅಲೆಯುವುದೇಕೆ ಎಂಬುದು ಅವರ ನೇರವಾದ ಪ್ರಶ್ನೆ. ಹಾಗಿದ್ದ ಮೇಲೆ ಶರಣರ ಹೆಸರಿನಲ್ಲಿ ನಡೆಯುವ ವಿದ್ಯಾಸಂಸ್ಥೆಗೆ ಪಾದಯಾತ್ರೆಯ ಗೊಡವೆ ಏಕೆ ಎಂದು ಯಾರಾದರೂ ಕೇಳಿದರೆ ಅದು ಉಚಿತವಾದ ಪ್ರಶ್ನೆಯೇ.

ಆದರೆ ಶರಣರು ನಿರಾಕರಿಸಿದ್ದು ಸ್ಥಾವರಕ್ಕೆ ಅಂಟಿಕೊಂಡ ಪುಣ್ಯವನ್ನು, ನಡಿಗೆಯನ್ನಲ್ಲ. ಅವರು ಎತ್ತಿ ಹಿಡಿದ ತತ್ತ್ವದ ಹೆಸರೇ ಜಂಗಮ, ಎಂದರೆ ಚಲಿಸುವುದು. ಪರಂಪರೆಯು ಹೇಳುವ ಶರಣರ ಚರಿತ್ರೆಯೆಲ್ಲ ನಡಿಗೆಯ ಚರಿತ್ರೆ. ಅಕ್ಕಮಹಾದೇವಿ ಉಡುತಡಿಯಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಶ್ರೀಶೈಲದ ಕದಳಿಗೆ ಒಬ್ಬಳೇ ನಡೆದಳು. ಸೊನ್ನಲಿಗೆಯ ಸಿದ್ಧರಾಮನು ಬಾಲಕನಾಗಿದ್ದಾಗಲೇ ಮಲ್ಲಯ್ಯನನ್ನು ಅರಸುತ್ತ ಶ್ರೀಶೈಲದ ದಾರಿ ಹಿಡಿದನು. ಅಲ್ಲಮನು ಒಂದೆಡೆ ನಿಲ್ಲದ ಸಂಚಾರಿ. ಮೋಳಿಗೆಯ ಮಾರಯ್ಯನು ಕಾಶ್ಮೀರದಿಂದ ಬಂದನೆಂಬುದು ಪ್ರತೀತಿ. 1167ರ ಸುಮಾರಿಗೆ ಕಲ್ಯಾಣದಲ್ಲಿ ಕ್ರಾಂತಿಯಾದಾಗ ಚನ್ನಬಸವಣ್ಣನ ಮುಂದಾಳುತನದಲ್ಲಿ ಶರಣರ ಸಮೂಹವು ಉಳವಿಯವರೆಗೆ ನಡೆಯಿತು. ಇವರು ಕ್ಷೇತ್ರದ ಪುಣ್ಯಕ್ಕಾಗಿ ನಡೆಯಲಿಲ್ಲ. ಸತ್ಸಂಗಕ್ಕಾಗಿ, ಅರಿವಿಗಾಗಿ, ಕಡೆಗೆ ವಚನಗಳ ಕಟ್ಟುಗಳನ್ನು ಉಳಿಸುವುದಕ್ಕಾಗಿ ನಡೆದರು. ಈ ಭೇದವನ್ನು ಮನದಲ್ಲಿಟ್ಟುಕೊಂಡರೆ ಮೇಲಿನ ಆಕ್ಷೇಪಕ್ಕೆ ಉತ್ತರ ದೊರೆಯುತ್ತದೆ. ತಲುಪುವ ಸ್ಥಳಕ್ಕಿಂತ ನಡೆಯುವ ಸಂಗವೂ ದಾರಿಯ ದಾಸೋಹವೂ ಮುಖ್ಯವಾದಾಗ ಪಾದಯಾತ್ರೆಯು ಶರಣಧರ್ಮಕ್ಕೆ ಹೊರಗಾಗುವುದಿಲ್ಲ.

3. ಬೀದರ ಸೀಮೆಯ ಯಾತ್ರೆಗಳು

ಬೀದರ ಜಿಲ್ಲೆ ಮೂರು ರಾಜ್ಯಗಳು ಕೂಡುವ ಸ್ಥಳ. ಇಲ್ಲಿಯ ಯಾತ್ರಾಮಾರ್ಗಗಳೂ ಹಲವು ಭಾಷೆಗಳನ್ನು, ಹಲವು ಮತಗಳನ್ನು ಹಾಯ್ದು ಹೋಗುತ್ತವೆ.

ಮೊದಲನೆಯದು ಪಂಢರಪುರದ ವಾರಿ. ಮುಂಗಾರಿನ ಬಿತ್ತನೆ ಮುಗಿಯುವ ಹೊತ್ತಿಗೆ, ಆಷಾಢ ಏಕಾದಶಿಗೆ ತಲುಪುವಂತೆ, ಗಡಿಭಾಗದ ಹಳ್ಳಿಗಳಿಂದ ದಿಂಡಿಗಳು ಹೊರಡುತ್ತವೆ. ಎರಡನೆಯದು ಶ್ರೀಶೈಲದ ಯಾತ್ರೆ. ಯುಗಾದಿಯ ಕಾಲಕ್ಕೆ ಉತ್ತರ ಕರ್ನಾಟಕದ ಹಲವು ಜಿಲ್ಲೆಗಳ ಭಕ್ತರು ಕಂಬಿಯನ್ನು ಹೆಗಲ ಮೇಲೆ ಹೊತ್ತು, ಕೆಲವರು ಮರಗಾಲು ಕಟ್ಟಿಕೊಂಡು, ನಲ್ಲಮಲೆಯ ಅಡವಿಯಲ್ಲಿ ನಾಗಲೂಟಿ, ಭೀಮುನಿಕೊಳ, ಕೈಲಾಸದ್ವಾರಗಳನ್ನು ದಾಟಿ ಮಲ್ಲಿಕಾರ್ಜುನನ ಸನ್ನಿಧಿಯನ್ನು ಸೇರುತ್ತಾರೆ. ದಾರಿಯ ಊರವರು ಅವರಿಗೆ ಅಂಬಲಿ ಮಜ್ಜಿಗೆಗಳನ್ನು ಕೊಟ್ಟು, ಬೊಕ್ಕೆಯೆದ್ದ ಕಾಲಿಗೆ ಎಣ್ಣೆ ಹಚ್ಚುತ್ತಾರೆ. ಮೂರನೆಯವು ಜಿಲ್ಲೆಯೊಳಗಿನ ಕಿರುಯಾತ್ರೆಗಳು. ಭಾಲ್ಕಿ ತಾಲೂಕಿನ ಖಾನಾಪುರದ ಮೈಲಾರ ಮಲ್ಲಣ್ಣನಿಗೆ ಕರ್ನಾಟಕ, ಮಹಾರಾಷ್ಟ್ರ, ತೆಲಂಗಾಣಗಳ ಭಕ್ತರು ಭಂಡಾರ ಹಿಡಿದು ಬರುತ್ತಾರೆ. ಔರಾದದ ಅಮರೇಶ್ವರನ ಜಾತ್ರೆ ಶಿವರಾತ್ರಿಯ ಕಾಲಕ್ಕೆ ನೆರೆಯುತ್ತದೆ. ಈ ಭಾಗದ ಹೆಮ್ಮೆಯ ದೇವಣಿ ತಳಿಯ ಎತ್ತುಗಳನ್ನು ಅಲ್ಲಿ ಕಾಣಬಹುದು.

ನಾಲ್ಕನೆಯದು ವಿಶೇಷ ಗಮನಕ್ಕೆ ಅರ್ಹವಾದುದು. ಬೀದರದ ಪೂರ್ವಕ್ಕೆ ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹಮದ್ ಶಾಹ ವಲಿಯ ಗೋರಿಯಿದೆ. 1436ರಲ್ಲಿ ತೀರಿಕೊಂಡ ಈತನನ್ನು ಇಲ್ಲಿಯ ಲಿಂಗಾಯತ ಭಕ್ತರು ಅಲ್ಲಮಪ್ರಭುವಿನ ಅವತಾರವೆಂದು ಬಗೆಯುತ್ತಾರೆ. ಹೋಳಿಯ ನಂತರ ನಡೆಯುವ ಉರುಸಿಗೆ ಕಲಬುರಗಿ ಜಿಲ್ಲೆಯ ಮಾಡಿಯಾಳದ ಜಂಗಮರು ಭಕ್ತರ ತಂಡದೊಡನೆ ಕಾಲ್ನಡೆಯಲ್ಲಿ ಬರುವ ವಾಡಿಕೆಯಿದೆ. ಶಂಖ ಮೊಳಗುತ್ತದೆ, ಗೋರಿಯ ಮುಂದೆ ತೆಂಗಿನಕಾಯಿ ಒಡೆಯುತ್ತದೆ, ಮುಸಲ್ಮಾನರೂ ಲಿಂಗಾಯತರೂ ಒಂದೇ ಗುಂಬಜದ ಕೆಳಗೆ ಕೈಮುಗಿಯುತ್ತಾರೆ. ಗ್ರಂಥಗಳಿಂದ ಬೋಧಿಸಲು ಕಷ್ಟವಾದ ಪಾಠವೊಂದನ್ನು ಈ ನಡಿಗೆಯು ತಲೆಮಾರುಗಳಿಂದ ಬೋಧಿಸುತ್ತ ಬಂದಿದೆ.

4. ದಿಂಡಿಯ ವ್ಯವಸ್ಥೆ

ಸಂಘಟಿತ ನಡಿಗೆಯ ಶಾಸ್ತ್ರವನ್ನು ಅರಿಯಲು ದಿಂಡಿಯು ಒಳ್ಳೆಯ ನಿದರ್ಶನ. ದೂರದಿಂದ ನೋಡುವವನಿಗೆ ವಾರಿಯು ಲಕ್ಷಾಂತರ ಜನರ ಒಂದೇ ಪ್ರವಾಹ. ಹತ್ತಿರದಿಂದ ನೋಡಿದರೆ ಅದು ಪರಸ್ಪರ ಪರಿಚಿತರಾದವರ ಚಿಕ್ಕ ಚಿಕ್ಕ ತಂಡಗಳ ಮಾಲೆ. ಮುಂದೆ ಪತಾಕೆಯವರು, ಅವರ ಹಿಂದೆ ತಾಳದವರು, ನಡುವೆ ಮೃದಂಗ, ತುಲಸಿಯನ್ನೂ ನೀರಿನ ಕೊಡವನ್ನೂ ತಲೆಯ ಮೇಲೆ ಹೊತ್ತ ಹೆಂಗಸರು, ಜೊತೆಗೆ ವೀಣೆ ಹಿಡಿದ ಹಿರಿಯರು. ಹಾಡಿನ ಲಯವೇ ಹೆಜ್ಜೆಯ ಲಯ. ಆದ್ದರಿಂದ ಬಲಿಷ್ಠನು ಮುಂದೆ ಓಡುವುದಿಲ್ಲ, ಮುದುಕನು ಹಿಂದೆ ಬೀಳುವುದಿಲ್ಲ. ಗಂಟುಮೂಟೆಗಳು ಬಂಡಿಯಲ್ಲೋ ಲಾರಿಯಲ್ಲೋ ಮುಂದಿನ ಮುಕ್ಕಾಮಿಗೆ ಮೊದಲೇ ಹೋಗುತ್ತವೆ. ಅಡಿಗೆಯವರು ಅಲ್ಲಿ ಒಲೆ ಹೂಡಿರುತ್ತಾರೆ. ಪ್ರತಿಯೊಬ್ಬನೂ ತನ್ನ ಪಾಲಿನ ವಂತಿಗೆಯನ್ನು ಕೊಟ್ಟಿರುತ್ತಾನೆ. ಮುಕ್ಕಾಮುಗಳು ಗೊತ್ತಾದವು, ಆತಿಥ್ಯ ನೀಡುವ ಮನೆತನಗಳೂ ಗೊತ್ತಾದವು. ಚಿಕ್ಕ ತಂಡ, ಅನುಭವಿಯಾದ ಮುಂದಾಳು, ಹಗುರವಾದ ಹೆಗಲು, ನಿಶ್ಚಿತವಾದ ಮುಕ್ಕಾಮು: ದಿಂಡಿಯ ನಾಲ್ಕು ಸೂತ್ರಗಳು ಇವೇ.

5. ಜಪಾನಿನ ಕುಮಾನೊ ಹಾದಿ

ಇದೇ ನಾಲ್ಕು ಸೂತ್ರಗಳು ಸಾವಿರಾರು ಮೈಲಿ ದೂರದ ಇನ್ನೊಂದು ನಾಡಿನಲ್ಲಿ ಕಾಣಿಸುವುದು ಕುತೂಹಲದ ಸಂಗತಿ. ಜಪಾನಿನ ಕೀ ಪರ್ಯಾಯದ್ವೀಪದ ಬೆಟ್ಟಗಳಲ್ಲಿ ಹೊಂಗು, ಹಯತಮ, ನಾಚಿ ಎಂಬ ಮೂರು ಮಹಾಕ್ಷೇತ್ರಗಳಿವೆ. ಅವುಗಳಿಗೆ ಸಾಗುವ ಕಾಲುದಾರಿಗಳಿಗೆ ಕುಮಾನೊ ಕೋದೊ ಎಂದು ಹೆಸರು. ಬಸವಣ್ಣನವರ ಕಾಲದವನೇ ಆದ ಗೋ-ಶಿರಾಕಾವ ಎಂಬ ಚಕ್ರವರ್ತಿ (1127–1192) ಸಿಂಹಾಸನವನ್ನು ಬಿಟ್ಟುಕೊಟ್ಟ ಮೇಲೆ ಮೂವತ್ತಕ್ಕೂ ಹೆಚ್ಚು ಸಲ ಈ ಯಾತ್ರೆ ಮಾಡಿದನು. ಮುಂದೆ ಸಾಮಾನ್ಯ ಜನರೂ ಎಷ್ಟು ದಟ್ಟವಾಗಿ ಬರತೊಡಗಿದರೆಂದರೆ ಅದನ್ನು ಇರುವೆಗಳ ಸಾಲಿಗೆ ಹೋಲಿಸುವ ಮಾತೇ ಹುಟ್ಟಿಕೊಂಡಿತು. ಸೆಂದತ್ಸು ಎಂಬ ತಪಸ್ವಿಗಳು ಯಾತ್ರಿಕರ ತಂಡಗಳಿಗೆ ದಾರಿ ತೋರುತ್ತಿದ್ದರು. ಓಶಿ ಎಂಬುವರು ಕ್ಷೇತ್ರದಲ್ಲಿ ವಸತಿಯನ್ನೂ ಪೂಜೆಯನ್ನೂ ನೋಡಿಕೊಳ್ಳುತ್ತಿದ್ದರು. ದಾರಿಯುದ್ದಕ್ಕೂ ಓಜಿ ಎಂಬ ಚಿಕ್ಕ ಗುಡಿಗಳಿದ್ದವು.

ಲಿಂಗಾಯತ ಓದುಗರಿಗೆ ಇಲ್ಲಿಯ ಒಂದು ಐತಿಹ್ಯ ಬಹಳ ಸಮೀಪದ್ದೆನಿಸುತ್ತದೆ. ಅನೇಕ ಜಪಾನೀ ಬೆಟ್ಟಗಳಲ್ಲಿ ಹೆಂಗಸರಿಗೆ ಪ್ರವೇಶವಿರಲಿಲ್ಲ. ಸರಕಾರವು ಆ ನಿಷೇಧವನ್ನು ತೆಗೆದದ್ದು 1872ರಲ್ಲಿ. ಕುಮಾನೊ ಮಾತ್ರ ಮೊದಲಿನಿಂದಲೂ ಎಲ್ಲರಿಗೂ ತೆರೆದಿತ್ತು. ಇಜುಮಿ ಶಿಕಿಬು ಎಂಬ ಕವಯಿತ್ರಿ ಹೊಂಗುವಿನ ಸಮೀಪಕ್ಕೆ ಬಂದಾಗ ರಜಸ್ವಲೆಯಾಗಿ, ಒಳಗೆ ಹೋಗಲಾರೆನೆಂದು ಕೊರಗಿದಳಂತೆ. ಅಂದಿನ ರಾತ್ರಿ ದೇವರು ಕನಸಿನಲ್ಲಿ ಬಂದು, ಅದು ಅಡ್ಡಿಯಲ್ಲ, ಬಾ ಎಂದು ಕರೆದನಂತೆ. ಪಂಚಸೂತಕಗಳನ್ನು ತಳ್ಳಿಹಾಕಿದ ಶರಣರ ನಿಲುವನ್ನು ಬಲ್ಲವರಿಗೆ ಈ ಕಥೆಯ ಬೆಲೆಯನ್ನು ವಿವರಿಸಬೇಕಾಗಿಲ್ಲ.

ಆ ಹಾದಿಯೂ ಅಳಿವಿನ ಅಂಚನ್ನು ಕಂಡಿತ್ತು. 1889ರ ಮಹಾಪ್ರವಾಹದಲ್ಲಿ ಹೊಂಗುವಿನ ಮೂಲಸ್ಥಾನದ ಕಟ್ಟಡಗಳು ಬಹುಮಟ್ಟಿಗೆ ಕೊಚ್ಚಿಹೋಗಿ, ಉಳಿದವನ್ನು ಎತ್ತರದ ಜಾಗಕ್ಕೆ ಸಾಗಿಸಬೇಕಾಯಿತು. 1906ರಿಂದ ಸರಕಾರವು ಸಣ್ಣ ಗುಡಿಗಳನ್ನು ದೊಡ್ಡವುಗಳಲ್ಲಿ ವಿಲೀನಗೊಳಿಸತೊಡಗಿದಾಗ ಹಲವು ಓಜಿಗಳೂ ಅವುಗಳ ಸುತ್ತಣ ಮರಗಳೂ ನಾಶವಾದವು. ತನಬೆ ಎಂಬ ಊರಿನ ವಿದ್ವಾಂಸ ಮಿನಕತ ಕುಮಗುಸು (1867–1941) ಇದನ್ನು ಪಟ್ಟುಹಿಡಿದು ವಿರೋಧಿಸಿ ಸೆರೆಮನೆಗೂ ಹೋದನು. ಗುಡಿ ಹೋದರೆ ಮರ ಹೋಗುತ್ತದೆ, ಮರ ಹೋದರೆ ಊರಿನ ನೆನಪು ಹೋಗುತ್ತದೆ ಎಂಬುದು ಅವನ ವಾದದ ಸಾರ. 2004ರಲ್ಲಿ ಯುನೆಸ್ಕೋ ಈ ಮಾರ್ಗಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. 2006ರಲ್ಲಿ ತನಬೆಯವರು ತಮ್ಮದೇ ಪ್ರವಾಸ ಸಂಸ್ಥೆಯನ್ನು ಕಟ್ಟಿ ದಾರಿಗೆ ಫಲಕಗಳನ್ನು ಹಾಕಿಸಿದರು, ಹಳ್ಳಿಯ ಮನೆಗಳಲ್ಲಿ ವಸತಿಯನ್ನು ಏರ್ಪಡಿಸಿದರು. ಇಂದು ದೇಶವಿದೇಶಗಳ ಜನರು ಚಿಕ್ಕ ತಂಡಗಳಲ್ಲಿ, ಮಾರ್ಗದರ್ಶಕನೊಡನೆ, ಗಂಟುಗಳನ್ನು ಮುಂದಿನ ತಂಗುದಾಣಕ್ಕೆ ಕಳುಹಿಸಿ, ರಜೆಯ ದಿನಗಳನ್ನು ಅಲ್ಲಿ ನಡೆದು ಕಳೆಯುತ್ತಾರೆ. ತಕಿಜಿರಿಯಿಂದ ಹೊಂಗುವಿನವರೆಗಿನ ಪ್ರಸಿದ್ಧ ಭಾಗವು ಸುಮಾರು 38 ಕಿಲೋಮೀಟರು. ಹೆಚ್ಚುಕಡಿಮೆ ಬೀದರದಿಂದ ಭಾಲ್ಕಿಗಿರುವಷ್ಟೇ ದೂರ.

6. ಬೀದರ, ಭಾಲ್ಕಿ, ಔರಾದ: ಹಾದಿಯೇ ಪಾಠಶಾಲೆ

ಈ ಮೂರು ಊರುಗಳನ್ನು ಜೋಡಿಸುವ ಹಾದಿಯಲ್ಲಿ ವಿದ್ಯಾರ್ಥಿಯು ಕಲಿಯಬಹುದಾದುದು ಅಪಾರ.

ಬೀದರ ನಗರವು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲಿದೆ. ಜಂಬಿಟ್ಟಿಗೆಯು ರಂಧ್ರಮಯವಾದ ಕಲ್ಲು. ಮಳೆಯ ನೀರನ್ನು ಕುಡಿದು ಕೆಳಗಿಳಿಸುತ್ತದೆ. ಅದರ ಅಡಿಯಲ್ಲಿರುವ ಕಪ್ಪು ಕಲ್ಲು ಆ ನೀರನ್ನು ಸುಲಭವಾಗಿ ಒಳಬಿಡದು. ಆದ್ದರಿಂದ ಪ್ರಸ್ಥಭೂಮಿಯ ಅಂಚಿನಲ್ಲಿ ನೀರು ಝರಿಯಾಗಿ ಹೊಮ್ಮುತ್ತದೆ. ಗುರುನಾನಕ ಝೀರಾ, ಎದೆಮಟ್ಟದ ನೀರಿನಲ್ಲಿ ನಡೆದು ಹೋಗಬೇಕಾದ ನರಸಿಂಹ ಝರಣಿ, ಪಾಪನಾಶ, ಈ ಮೂರೂ ನೀರಿನ ತಾಣಗಳು. ಸಿಖ್ಖರು, ವೈಷ್ಣವರು, ಶೈವರು ಬೇರೆ ಬೇರೆ ದೇವರನ್ನು ಕಂಡದ್ದು ಒಂದೇ ನೆಲದ ನೀರಿನಲ್ಲಿ. ಬಹಮನಿ ಕಾಲದವರು ನೌಬಾದದಲ್ಲಿ ತೋಡಿದ ಸುರಂಗಬಾವಿಗಳಿಗೂ ಈ ನೆಲದ ಗುಣವೇ ಆಧಾರ. ಭೂಗೋಲ, ಇತಿಹಾಸ, ಧರ್ಮ ಎಂಬ ಮೂರು ಪಾಠಗಳು ಇಲ್ಲಿ ಒಂದಾಗಿವೆ.

ಪ್ರಸ್ಥಭೂಮಿಯನ್ನು ಇಳಿದರೆ ಎರೆಯ ನೆಲ. ಖಾನಾಪುರದ ಮೈಲಾರದಲ್ಲಿ ಮೊದಲ ಮುಕ್ಕಾಮು. ಮುಂದೆ ಭಾಲ್ಕಿ. ನಿಜಾಮರ ಆಳಿಕೆಯಲ್ಲಿ ಕನ್ನಡ ಕಲಿಸುವುದು ದುಸ್ತರವಾಗಿದ್ದಾಗ, ಹೊರಗೆ ಉರ್ದು ಫಲಕವನ್ನು ತೂಗಹಾಕಿ ಒಳಗೆ ಕನ್ನಡವನ್ನು ಕಲಿಸಿದ ಡಾ. ಚನ್ನಬಸವ ಪಟ್ಟದ್ದೇವರ ಕರ್ಮಭೂಮಿ ಇದು. ನೂರು ವರ್ಷಗಳನ್ನು ಮೀರಿ ಬಾಳಿ 1999ರಲ್ಲಿ ಲಿಂಗೈಕ್ಯರಾದ ಆ ಪೂಜ್ಯರ ಜನ್ಮಸ್ಥಳ ಕಮಲನಗರ. ಹಿಂದೆ ಔರಾದ ತಾಲೂಕಿನಲ್ಲಿದ್ದ ಆ ಊರು ಈಗ ಪ್ರತ್ಯೇಕ ತಾಲೂಕಿನ ಕೇಂದ್ರ. ಭಾಲ್ಕಿಯಿಂದ ಮಾಂಜ್ರಾ ನದಿಯನ್ನು ದಾಟಿ ಕಮಲನಗರ, ಅಲ್ಲಿಂದ ಔರಾದ, ಔರಾದದಿಂದ ಮತ್ತೆ ಮಾಂಜ್ರಾ ದಾಟಿ ಬೀದರ: ಇದೊಂದು ಪೂರ್ಣ ಪ್ರದಕ್ಷಿಣೆ. ಗೋದಾವರಿಯ ಉಪನದಿಯಾದ ಮಾಂಜ್ರಾವನ್ನು ಎರಡು ಸಲ ಕಾಲ್ನಡೆಯಿಂದ ದಾಟಿದ ವಿದ್ಯಾರ್ಥಿಗೆ ಅದರ ಹೆಸರು ನಕ್ಷೆಯ ನೀಲಿ ಗೆರೆಯಾಗಿ ಉಳಿಯುವುದಿಲ್ಲ. ಊರಿಂದೂರಿಗೆ ಕನ್ನಡದೊಳಗೆ ಮರಾಠಿ, ಉರ್ದು, ತೆಲುಗು ಪದಗಳು ಬೆರೆಯುವ ಬಗೆಯನ್ನು ಕಿವಿಯೇ ಗುರುತಿಸುತ್ತದೆ.

7. ನಡಿಗೆಯ ನಿಯಮಗಳು

ನಡಿಗೆಗೆ ಉತ್ಸಾಹವೊಂದೇ ಸಾಲದು. ಇಂದಿನ ಅಪಾಯವೆಂದರೆ ರಸ್ತೆಯೇ. ಹಳೆಯ ಬಂಡಿಜಾಡುಗಳು ಹೊಲಗಳಲ್ಲಿ ಸೇರಿಹೋಗಿ, ಯಾತ್ರಿಕರು ವೇಗದ ವಾಹನಗಳ ಡಾಂಬರು ರಸ್ತೆಯಲ್ಲಿ, ಅನೇಕ ವೇಳೆ ರಾತ್ರಿಯ ಕತ್ತಲಲ್ಲಿ ನಡೆಯಬೇಕಾಗಿದೆ. ಆದ್ದರಿಂದ ಶಾಲೆಯ ತಂಡವು ಈ ನಿಯಮಗಳನ್ನು ಪಾಲಿಸುವುದು ಅಗತ್ಯ.

ಅ) ತಂಡದಲ್ಲಿ ಹದಿನೈದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರಬಾರದು, ಮುಂದೊಬ್ಬರು, ಹಿಂದೊಬ್ಬರು ಶಿಕ್ಷಕರಿರಬೇಕು. ವಿದ್ಯಾರ್ಥಿನಿಯರಿದ್ದಲ್ಲಿ ಶಿಕ್ಷಕಿಯರೂ ಇರಬೇಕು.
ಆ) ಕಾರ್ತಿಕದಿಂದ ಪುಷ್ಯದವರೆಗಿನ ತಂಪು ಕಾಲವೇ ಯೋಗ್ಯ. ಬೆಳಗಿನ ಹೊತ್ತು ನಡೆದು ಬಿಸಿಲೇರುವ ಮುನ್ನ ತಂಗಬೇಕು. ದಿನಕ್ಕೆ 12ರಿಂದ 15 ಕಿಲೋಮೀಟರು ಸಾಕು.
ಇ) ಸಾಧ್ಯವಾದೆಡೆಯಲ್ಲೆಲ್ಲ ಹೊಲದ ದಾರಿ, ರಸ್ತೆ ಅನಿವಾರ್ಯವಾದರೆ ಬಲಬದಿಯಲ್ಲಿ, ಎದುರಿನ ವಾಹನ ಕಾಣುವಂತೆ, ಒಂದೇ ಸಾಲಿನಲ್ಲಿ ನಡೆಯಬೇಕು. ಕತ್ತಲಾದ ಮೇಲೆ ನಡಿಗೆ ಸಲ್ಲದು.
ಈ) ಹೆಗಲಿಗೆ ನೀರು, ಬುತ್ತಿ, ಟಿಪ್ಪಣಿ ಪುಸ್ತಕ ಮಾತ್ರ. ಉಳಿದ ಗಂಟು ಬಂಡಿಯಲ್ಲಿ ಮುಂದೆ ಹೋಗಲಿ.
ಉ) ಉಂಡ ಊರಿನಲ್ಲಿ ಒಂದು ಕಾಯಕ ಮಾಡಿಯೇ ಮುಂದಿನ ಊರಿಗೆ ಹೊರಡಬೇಕು. ಬಾವಿಯ ಕಟ್ಟೆ ಗುಡಿಸುವುದಾದರೂ ಆದೀತು. ಕಾಯಕವಿಲ್ಲದ ದಾಸೋಹವನ್ನು ಶರಣರು ಒಪ್ಪಿದವರಲ್ಲ.

8. ಸಮಾರೋಪ

ಕುಮಾನೊ ಹಾದಿ ಉಳಿದುದು ದಾರಿಯ ಊರುಗಳ ಜನರು ಅದನ್ನು ತಮ್ಮದೆಂದು ಬಗೆದುದರಿಂದ. ಬೀದರದ ಹಾದಿಗಳು ಉಳಿಯಬೇಕಾದರೂ ಅದೇ ಆಗಬೇಕು. ಶಿಕ್ಷಕರು ಹಾದಿಯ ಬಾವಿ, ಕಟ್ಟೆ, ಗುಡಿ, ಗೋರಿ, ಹಳೆಯ ಮರಗಳ ಹೆಸರುಗಳನ್ನು ವಿದ್ಯಾರ್ಥಿಗಳಿಂದ ಬರೆಯಿಸಿಡಬಹುದು. ಆ ಹೆಸರುಗಳನ್ನು ಬಲ್ಲ ಹಿರಿಯರು ಇರುವಾಗಲೇ ಈ ಕೆಲಸ ಆಗಬೇಕು. ಹಳೆಯ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನಲ್ಲಿ ಒಂದು ರಾತ್ರಿಯ ವಸತಿಯನ್ನು ವಹಿಸಿಕೊಳ್ಳಬಹುದು. ದಾನಿಗಳಿಗೆ ಹಿಂದಿನವರು ತೋರಿದ ದಾರಿಯೇ ಇದೆ: ಒಂದು ಅರವಟ್ಟಿಗೆ, ನಾಲ್ಕು ನೆರಳಿನ ಮರ, ಒಂದು ಕಲ್ಲಿನ ಕಟ್ಟೆ. ದೊಡ್ಡ ಕಟ್ಟಡಗಳಿಗಿಂತ ಇವುಗಳ ವೆಚ್ಚ ಕಡಿಮೆ. ದಣಿದು ಬಂದ ಮಗುವಿಗೆ ಇವುಗಳ ಉಪಕಾರ ಹೆಚ್ಚು.

ಅಭ್ಯಾಸಕ್ಕೆ

1. ಸ್ಥಾವರ ಯಾತ್ರೆಯನ್ನು ನಿರಾಕರಿಸಿದ ಶರಣರು ನಡಿಗೆಯನ್ನು ಏಕೆ ನಿರಾಕರಿಸಲಿಲ್ಲ?
2. ದಿಂಡಿಯ ವ್ಯವಸ್ಥೆಗೂ ಕುಮಾನೊ ಯಾತ್ರೆಯ ವ್ಯವಸ್ಥೆಗೂ ಇರುವ ಸಾಮ್ಯಗಳಾವುವು?
3. ಬೀದರದ ಝರಿಗಳು ಪ್ರಸ್ಥಭೂಮಿಯ ಅಂಚಿನಲ್ಲೇ ಹೊಮ್ಮಲು ಕಾರಣವೇನು? ಚಿತ್ರ ಬರೆದು ವಿವರಿಸಿರಿ.
4. ನಿಮ್ಮ ಊರಿನಿಂದ ನೆರೆಯೂರಿಗೆ ಹಳೆಯ ಕಾಲುದಾರಿಯಲ್ಲಿ ನಡೆದು, ಕಂಡ ಬಾವಿ ಕಟ್ಟೆಗಳ ಹೆಸರುಗಳನ್ನು ಹಿರಿಯರಿಂದ ಕೇಳಿ ಬರೆಯಿರಿ.