ಕಕ್ಕೆ ಚಿಗುರಿನ ಹಳದಿ ವಲಸಿಗ: ಪರೀಕ್ಷೆಗೆ ಬೇಕಾದ ಮುಖ್ಯಾಂಶಗಳು

ಮೊದಲು ನೆನಪಿಡಬೇಕಾದ್ದು

ಈ ಚಿಟ್ಟೆಯ ಬದುಕು ನಡೆಯುವುದೇ ಕಕ್ಕೆ ಮರದ ಎಳೆ ಚಿಗುರನ್ನು ನಂಬಿಕೊಂಡು. ತಾಯಿ ಮೊಟ್ಟೆ ಇಡುವುದು ಚಿಗುರಿನ ಮೇಲೆ, ಹುಳು ತಿಂದು ಬೆಳೆಯುವುದು ಚಿಗುರನ್ನು. ಚಿಗುರು ಮುಗಿದ ಜಾಗ ಬಿಟ್ಟು ಚಿಗುರಿರುವ ಜಾಗ ಹುಡುಕಿಕೊಂಡು ಹೋಗುವುದು ಇದರ ವಲಸೆಯ ಮೂಲ. ಈ ಎಳೆ ಕೈಗೆ ಸಿಕ್ಕರೆ ಮುಂದಿನ ಅಂಶಗಳನ್ನು ಬಾಯಿಪಾಠ ಮಾಡುವ ಕಷ್ಟ ಅರ್ಧ ಕಳೆಯುತ್ತದೆ.

ಹೆಸರು, ಕುಲ, ನೆಲೆ

• ಕಾಮನ್ ಎಮಿಗ್ರಂಟ್. ಲೆಮನ್ ಎಮಿಗ್ರಂಟ್ ಎಂಬ ಹೆಸರೂ ಉಂಟು. ಎಮಿಗ್ರಂಟ್ ಎಂದರೆ ಊರು ಬಿಟ್ಟು ಹೊರಟವ.
• ವೈಜ್ಞಾನಿಕ ಹೆಸರು ಕ್ಯಾಟೊಪ್ಸಿಲಿಯ ಪೊಮೋನ. 1775ರಲ್ಲಿ ಮೊದಲು ವರ್ಣಿಸಿದವರು ಡೆನ್ಮಾರ್ಕಿನ ಕೀಟತಜ್ಞ ಫ್ಯಾಬ್ರಿಸಿಯಸ್. ಇವರು ಲಿನೇಯಸ್ ಶಿಷ್ಯರು.
• ಗಣ ಲೆಪಿಡಾಪ್ಟೆರಾ, ಕುಟುಂಬ ಪಿಯರಿಡೇ. ಬಿಳಿ ಮತ್ತು ಹಳದಿ ಚಿಟ್ಟೆಗಳ ಕುಟುಂಬ ಇದು.
• ರೆಕ್ಕೆ ಹರಡಿದಾಗ ಅಗಲ ಸುಮಾರು 55–80 ಮಿ.ಮೀ.
• ಭಾರತ, ಶ್ರೀಲಂಕಾ, ಆಗ್ನೇಯ ಏಷ್ಯಾ, ಆಸ್ಟ್ರೇಲಿಯಾದವರೆಗೆ ನೆಲೆ.

ಪಿಯರಿಡೇ ಚಿಟ್ಟೆಗಳು ಆರೂ ಕಾಲೂರಿ ನಿಲ್ಲುತ್ತವೆ. ನಿಂಫಾಲಿಡೇ ಕುಟುಂಬದವು ಮುಂದಿನ ಜೋಡಿ ಕಾಲನ್ನು ಮಡಚಿಕೊಂಡು ನಾಲ್ಕರ ಮೇಲೇ ನಿಲ್ಲುತ್ತವೆ. ಆದರೂ ಅವಕ್ಕೆ ಕಾಲು ನಾಲ್ಕೇ ಎಂದು ಬರೆದರೆ ತಪ್ಪು. ಕೀಟ ಅಂದಮೇಲೆ ಕಾಲು ಆರು, ಅದರಲ್ಲಿ ಎರಡು ಕುಗ್ಗಿವೆ ಅಷ್ಟೇ.

ಒಂದೇ ಚಿಟ್ಟೆ, ಹಲವು ವೇಷ

ಗಂಡು ಸುಣ್ಣದ ಬಿಳುಪು, ರೆಕ್ಕೆಯ ಬುಡದಲ್ಲಿ ಮಾತ್ರ ನಿಂಬೆ ಹಳದಿ. ಹೆಣ್ಣಿನ ಬಣ್ಣ ಬಿಳಿಯಿಂದ ಗಾಢ ಹಳದಿಯವರೆಗೆ ಬದಲಾಗುತ್ತದೆ, ಅಂಚಿಗೆ ಕಪ್ಪು. ಕ್ರೊಕೇಲ್ ಎಂಬ ರೂಪದ ಮೀಸೆ ಕಪ್ಪು. ಪೊಮೋನ ರೂಪದ ಮೀಸೆ ಕೆಂಪು, ರೆಕ್ಕೆಯ ಅಡಿಭಾಗದಲ್ಲಿ ಕೆಂಪು ಉಂಗುರದೊಳಗೆ ಬೆಳ್ಳಿಯ ಚುಕ್ಕಿ. ಈ ವ್ಯತ್ಯಾಸ ನೋಡಿ ಹಿಂದಿನವರು ಇವನ್ನು ಎರಡು ಪ್ರಭೇದವೆಂದೇ ಎಣಿಸಿದ್ದರು. ಈಗ ಎರಡೂ ಒಂದೇ ಪ್ರಭೇದದ ರೂಪಗಳೆಂದು ಒಪ್ಪಲಾಗಿದೆ. ಕ್ಯಾಟಿಲ್ಲ ಎಂಬ ಹೆಣ್ಣು ರೂಪದಲ್ಲಿ ಹಿಂರೆಕ್ಕೆಯ ಅಡಿಯಲ್ಲಿ ಕೆನ್ನೇರಳೆಯ ದೊಡ್ಡ ಕಲೆ ಇರುತ್ತದೆ. ಮೊದಲ ಸಲ ನೋಡಿದವರು ಅದನ್ನು ಗಾಯವೆಂದೇ ತಿಳಿದಾರು.

ಈ ಹಳದಿ ಬಂದದ್ದು ಎಲ್ಲಿಂದ? ಪಿಯರಿಡೇ ಕುಟುಂಬದ ಬಿಳುಪು, ಹಳದಿಗೆಲ್ಲ ಕಾರಣ ಟೆರಿನ್ ಎಂಬ ವರ್ಣದ್ರವ್ಯಗಳು. ರೆಕ್ಕೆ ಎಂಬರ್ಥದ ಗ್ರೀಕ್ ಪದದಿಂದಲೇ ಆ ಹೆಸರು ಬಂತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಚಿಟ್ಟೆ ರೆಕ್ಕೆಯ ಹಳದಿಯನ್ನು ಪ್ರಯೋಗಶಾಲೆಗೆ ಒಯ್ದವರಲ್ಲಿ ಫ್ರೆಡರಿಕ್ ಗೌಲ್ಯಾಂಡ್ ಹಾಪ್ಕಿನ್ಸ್ ಮುಖ್ಯರು. ವಿಟಮಿನ್ ಸಂಶೋಧನೆಗೆ 1929ರಲ್ಲಿ ಐಕ್ಮನ್ ಜೊತೆ ನೊಬೆಲ್ ಹಂಚಿಕೊಂಡವರೂ ಅವರೇ. ಇನ್ನೂ ಒಂದು ಕೊಂಡಿಯಿದೆ: ಗರ್ಭಿಣಿಯರಿಗೆ ಕೊಡುವ ಫೋಲಿಕ್ ಆಮ್ಲದ ಅಣುವಿನೊಳಗೂ ಟೆರಿನ್ ಉಂಗುರವೇ ಕೂತಿದೆ. ಜೀವಶಾಸ್ತ್ರ, ರಸಾಯನಶಾಸ್ತ್ರ, ನೊಬೆಲ್ ಮೂರನ್ನೂ ಒಂದೇ ಪ್ರಶ್ನೆಯಲ್ಲಿ ಕೇಳಲು ಬರುವ ಇಂಥ ವಿಷಯ ಕಡಿಮೆ.

ಜೀವನ ಚಕ್ರ

ಸಂಪೂರ್ಣ ರೂಪಪರಿವರ್ತನೆ. ಮೊಟ್ಟೆ, ಹುಳು ಅಂದರೆ ಲಾರ್ವಾ, ಪ್ಯೂಪಾ, ಪ್ರೌಢ ಚಿಟ್ಟೆ ಎಂದು ನಾಲ್ಕು ಹಂತ. ಜಿರಲೆ, ಮಿಡತೆಗಳಿಗೆ ಪ್ಯೂಪಾ ಹಂತ ಇಲ್ಲ, ಅವುಗಳದ್ದು ಅಸಂಪೂರ್ಣ ಪರಿವರ್ತನೆ. ಬೆಚ್ಚಗಿನ ದಿನಗಳಲ್ಲಿ ಮೊಟ್ಟೆಯಿಂದ ಚಿಟ್ಟೆಯವರೆಗೆ ಸುಮಾರು ಮೂರರಿಂದ ನಾಲ್ಕು ವಾರ ಸಾಕು.

ಮೊಟ್ಟೆ ಇಡುವ ಹೆಣ್ಣನ್ನು ಒಮ್ಮೆ ನಿಂತು ನೋಡಿ. ಎಲೆಯಿಂದ ಎಲೆಗೆ ಹಾರುತ್ತಾಳೆ, ಕೂತ ಕಡೆ ಕಾಲಿನಿಂದ ಎಲೆಯನ್ನು ತಟ್ಟುತ್ತಾಳೆ. ಚಿಟ್ಟೆಗೆ ರುಚಿ ತಿಳಿಯುವುದು ಪಾದದಲ್ಲೂ. ಎಲೆ ಬಲಿತಿದ್ದರೆ ಬಿಟ್ಟು ಹೋಗುತ್ತಾಳೆ. ತಾಮ್ರದ ಹೊಳಪು ಇನ್ನೂ ಆರದ ಚಿಗುರು ಸಿಕ್ಕಿತೋ, ಹೊಟ್ಟೆ ಬಾಗಿಸಿ ಒಂದು ಮೊಟ್ಟೆ ಅಂಟಿಸಿ ಮುಂದಕ್ಕೆ ಹಾರುತ್ತಾಳೆ. ಒಂದೂವರೆ ಮಿ.ಮೀ. ಎತ್ತರದ ಬಿಳಿ ಮೊಟ್ಟೆ, ಮೈಮೇಲೆ ಉದ್ದುದ್ದ ಏಣು. ಪುಟಾಣಿ ಜೀರಿಗೆಯೊಂದನ್ನು ನೆಟ್ಟಗೆ ನಿಲ್ಲಿಸಿದ ಹಾಗೆ. ಎರಡು ಮೂರು ದಿನಕ್ಕೆ ಒಡೆಯುತ್ತದೆ. ಹುಳುವಿನ ಮೊದಲ ಊಟ ಅದರ ಮೊಟ್ಟೆಯ ಸಿಪ್ಪೆಯೇ.

ಹುಳು ಹಸಿರು. ಎರಡೂ ಪಕ್ಕೆಗೆ ಬಿಳಿ ಗೆರೆ, ಆ ಗೆರೆಗಂಟಿ ಕರಿಯ ಚುಕ್ಕಿಗಳ ಸಾಲು. ಎಲೆಯ ನಡುನರದ ಉದ್ದಕ್ಕೆ ಮಲಗಿದರೆ ಒಂದಡಿ ದೂರದಿಂದಲೂ ಕಾಣುವುದಿಲ್ಲ. ರೇಷ್ಮೆ ಸಾಕುವ ಮನೆಯ ಮಕ್ಕಳಿಗೆ ಈ ಹಂತವನ್ನು ಬಿಡಿಸಿ ಹೇಳಬೇಕಿಲ್ಲ. ರೇಷ್ಮೆಹುಳು ನಾಲ್ಕು ಸಲ ಜ್ವರಕ್ಕೆ ಕೂತು ಐದು ಹಂತ ದಾಟುವಂತೆ ಇದೂ ನಾಲ್ಕು ಸಲ ಪೊರೆ ಕಳಚಿ ಐದು ಹಂತ ದಾಟುತ್ತದೆ. ಸುಮಾರು ಎರಡು ವಾರಕ್ಕೆ ನಾಲ್ಕೂವರೆ ಸೆಂ.ಮೀ. ಉದ್ದವಾಗುತ್ತದೆ.

ಇಲ್ಲಿಂದ ಮುಂದೆ ದಾರಿ ಬೇರೆ. ರೇಷ್ಮೆಹುಳು ಪತಂಗದ ಜಾತಿ, ಅದು ಗೂಡು ಸುತ್ತುತ್ತದೆ. ಕಕ್ಕೆಯ ಹುಳು ಗೂಡು ಕಟ್ಟುವುದಿಲ್ಲ. ಬಾಲದ ತುದಿಯನ್ನು ಎಲೆಯಡಿಗೆ ಅಂಟಿಸಿ, ಸೊಂಟಕ್ಕೆ ಒಂದೇ ಒಂದು ರೇಷ್ಮೆ ಎಳೆಯ ಪಟ್ಟಿ ಕಟ್ಟಿಕೊಂಡು ಬರಿಮೈಯಲ್ಲೇ ಪ್ಯೂಪಾ ಆಗುತ್ತದೆ. ತಲೆಯ ಕಡೆ ಚೂಪು, ಬಣ್ಣ ಎಳೆ ಹಸಿರು, ಪಕ್ಕದಲ್ಲಿ ಹಳದಿ ಗೆರೆ: ಮಡಿಸಿದ ಕಕ್ಕೆ ಎಲೆಯಂತೆಯೇ ಕಾಣುತ್ತದೆ. ಆರೇಳು ದಿನ ಕಳೆದ ಮೇಲೆ ಒಂದು ಸಂಜೆ ಪೊರೆಯೊಳಗಿನಿಂದ ರೆಕ್ಕೆಯ ಹಳದಿ ತೋರತೊಡಗುತ್ತದೆ. ಅಲ್ಲಿಗೆ ಮಾರನೆಯ ಬೆಳಿಗ್ಗೆ ಚಿಟ್ಟೆ ಹೊರಬರುತ್ತದೆ ಎಂದು ಲೆಕ್ಕ. ಬಂದದ್ದೇ ಹಾರುವುದಿಲ್ಲ. ಮುದುಡಿದ ರೆಕ್ಕೆಗೆ ಮೈಯ ದ್ರವ ತುಂಬಿ, ಅದು ಹರಡಿ ಒಣಗುವತನಕ ಖಾಲಿ ಪೊರೆಗೇ ಜೋತುಬಿದ್ದಿರುತ್ತದೆ. ಪರೀಕ್ಷೆಯ ಓದಿನ ನಡುವೆ ಒಂದು ಬೆಳಿಗ್ಗೆ ಇದಕ್ಕೆಂದು ಎತ್ತಿಡಿ ಎಂದು ನಾನು ಎಲ್ಲ ವಿದ್ಯಾರ್ಥಿಗಳಿಗೂ ಹೇಳುತ್ತೇನೆ. ಕಣ್ಣಾರೆ ಕಂಡದ್ದು ಮರೆಯುವುದಿಲ್ಲ.

ಆಹಾರ ಸಸ್ಯಗಳು

ಕಕ್ಕೆ ಮೊದಲನೆಯದು. ಅದರ ವೈಜ್ಞಾನಿಕ ಹೆಸರು ಕ್ಯಾಸಿಯ ಫಿಸ್ಟುಲ. ಬೇಸಿಗೆಯಲ್ಲಿ ಹಳದಿ ಹೂಗೊಂಚಲು, ಮೊಳದುದ್ದದ ಕರಿಯ ಕಾಯಿ. ವಿಷು ಕಣಿಗೆ ಇಡುವ ಕಣಿಕೊನ್ನ ಇದೇ ಹೂ. ಕೇರಳದ ರಾಜ್ಯ ಪುಷ್ಪ, ಥಾಯ್ಲೆಂಡಿನ ರಾಷ್ಟ್ರೀಯ ಪುಷ್ಪ. ಕರ್ನಾಟಕದ ರಾಜ್ಯ ಪುಷ್ಪ ಕಮಲ. ಕಕ್ಕೆಯಲ್ಲದೆ ಸೀಮೆ ತಂಗಡಿ, ಮುತ್ತುಗದ ಮೇಲೂ ಈ ಹುಳು ಬೆಳೆಯುತ್ತದೆ. ಸೀಮೆ ತಂಗಡಿ ಹಿಂದೆ ಕ್ಯಾಸಿಯ ಕುಲದಲ್ಲಿತ್ತು, ಈಗ ಸೆನ್ನ ಕುಲಕ್ಕೆ ಸೇರಿದೆ. ಹಳೆಯ ಪುಸ್ತಕ ಓದುವವರು ಗಮನಿಸಿ.

ವಲಸೆ: ಹೇಗೆ, ಏಕೆ

ಮಳೆ ಬಿದ್ದು ಮರಗಳೆಲ್ಲ ಒಟ್ಟಿಗೆ ಚಿಗುರುತ್ತವೆ, ಮೊಟ್ಟೆಗಳೂ ಒಟ್ಟಿಗೆ ಬೀಳುತ್ತವೆ. ಹುಳುಗಳು ಹೆಚ್ಚಿದ ವರ್ಷ ಕಕ್ಕೆ, ಸೀಮೆ ತಂಗಡಿ ಮರಗಳು ಪೂರ್ತಿ ಬೋಳಾಗುವುದುಂಟು. ಮರ ಸಾಯುವುದಿಲ್ಲ, ಮತ್ತೆ ಚಿಗುರುತ್ತದೆ, ಔಷಧಿ ಹೊಡೆಯಲು ಓಡಬೇಡಿ. ಆದರೆ ಒಂದೇ ವಾರದಲ್ಲಿ ಹೊರಬಂದ ಅಷ್ಟೂ ಚಿಟ್ಟೆಗಳಿಗೆ ಆ ಜಾಗದಲ್ಲಿ ಮೊಟ್ಟೆ ಇಡಲು ಎಲೆಯೇ ಉಳಿದಿರುವುದಿಲ್ಲ. ಎಲೆಯ ಕೊರತೆ, ದಟ್ಟಣೆ, ಋತುವಿನ ಬದಲಾವಣೆ ಸೇರಿ ಅವನ್ನು ಎಬ್ಬಿಸುತ್ತವೆ. ಹಾರಾಟ ವೇಗ, ನೇರ. ಅಡ್ಡ ಬಂದ ಮರವನ್ನೋ ಮನೆಯನ್ನೋ ಬಳಸದೆ ಮೇಲೇರಿ ದಾಟುತ್ತವೆ.

ಉತ್ತರ ಅಮೆರಿಕದ ಮೊನಾರ್ಕ್ ಜೊತೆ ಬೆರೆಸಬೇಡಿ. ಮೊನಾರ್ಕ್ ಚಳಿಗಾಲ ಕಳೆಯಲು ಮೆಕ್ಸಿಕೋದ ಗೊತ್ತಾದ ಬೆಟ್ಟಗಳಿಗೇ ಹೋಗುತ್ತದೆ. ನಮ್ಮ ಹಳದಿ ವಲಸಿಗನಿಗೆ ಅಂಥ ಒಂದೇ ಗುರಿಯಿಲ್ಲ.

ಎಲ್ಲಿ, ಯಾವಾಗ ಕಾಣುತ್ತದೆ

ದಕ್ಷಿಣ ಭಾರತದಲ್ಲಿ ದೊಡ್ಡ ವಲಸೆ ಎರಡು ಸಲ. ಏಪ್ರಿಲ್–ಜೂನ್ ಹೊತ್ತಿಗೆ, ಮುಂಗಾರು ಕಾಲಿಡುವಾಗ, ಪಶ್ಚಿಮಘಟ್ಟದಿಂದ ಪೂರ್ವದ ಬಯಲಿಗೆ; ಅಕ್ಟೋಬರ್–ನವೆಂಬರಿನಲ್ಲಿ ಮತ್ತೆ ಘಟ್ಟದ ಕಡೆಗೆ. ಇದರಲ್ಲಿ ಮುಖ್ಯ ಪಾತ್ರ ಬ್ಲೂ ಟೈಗರ್, ಡಾರ್ಕ್ ಬ್ಲೂ ಟೈಗರ್, ಕಾಮನ್ ಕ್ರೋ ಚಿಟ್ಟೆಗಳದ್ದು. ಎಮಿಗ್ರಂಟ್‌ಗಳೂ ಜೊತೆ ಸೇರುತ್ತವೆ. ಬೆಂಗಳೂರಿನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನ ಕೃಷ್ಣಮೇಘ ಕುಂಟೆ ಈ ವಲಸೆಯನ್ನು ಅಧ್ಯಯನ ಮಾಡಿದ್ದಾರೆ. ದಖ್ಖನ್ ಪರ್ಯಾಯ ದ್ವೀಪದ ಚಿಟ್ಟೆಗಳ ಬಗ್ಗೆ ಅವರ ಪುಸ್ತಕ 2000ದಲ್ಲಿ ಬಂತು.

ಶ್ರೀಲಂಕಾದ 2,243 ಮೀಟರ್ ಎತ್ತರದ ಶ್ರೀಪಾದ ಬೆಟ್ಟಕ್ಕೆ ಸಮನಲ ಕಂದ ಎಂಬ ಹೆಸರೂ ಇದೆ. ಸಿಂಹಳದಲ್ಲಿ ಸಮನಲ ಎಂದರೆ ಚಿಟ್ಟೆ. ಎಮಿಗ್ರಂಟ್ ಹಿಂಡುಗಳು ಆ ಬೆಟ್ಟದತ್ತ ಹೋಗುವುದನ್ನು ಕಂಡ ಜನ ಚಿಟ್ಟೆಗಳೂ ಯಾತ್ರೆ ಹೊರಟಿವೆ ಎಂದು ನಂಬುತ್ತಾ ಬಂದಿದ್ದಾರೆ.

ಹಿಂಡು ನೋಡಬೇಕೆಂದರೆ ಬಿಸಿಲೇರಿದ ಮೇಲೆ ಹೊಳೆದಂಡೆಯ ಒದ್ದೆ ಮರಳಿಗೆ ಹೋಗಿ. ಹೆಚ್ಚಿನವು ಗಂಡುಗಳು, ರೆಕ್ಕೆ ಮುಚ್ಚಿ ಒತ್ತೊತ್ತಾಗಿ ಕೂತು ಸೋಡಿಯಂ ಮೊದಲಾದ ಲವಣ ಹೀರುತ್ತಿರುತ್ತವೆ. ಹೀರಿದ ಲವಣದಲ್ಲಿ ಒಂದು ಪಾಲು ಮಿಲನದ ವೇಳೆ ಹೆಣ್ಣಿಗೆ ದಾಟುವುದು ಹಲವು ಚಿಟ್ಟೆಗಳಲ್ಲಿ ದೃಢಪಟ್ಟಿದೆ.

ತಪ್ಪುವ ಜಾಗಗಳು

• ಮಾಟಲ್ಡ್ ಎಮಿಗ್ರಂಟ್: ಹತ್ತಿರದ ನೆಂಟ. ಅಡಿರೆಕ್ಕೆಯಲ್ಲಿ ಸಣ್ಣ ಕಂದು ಗೀರುಗಳು. ತಗಚೆ, ತಂಗಡಿ ಗಿಡಗಳ ಮೇಲೂ ಮೊಟ್ಟೆ ಇಡುತ್ತದೆ.
• ಕಾಮನ್ ಗ್ರಾಸ್ ಯೆಲ್ಲೊ: ಇನ್ನೂ ಚಿಕ್ಕದು, ನೆಲಕ್ಕೆ ತಾಗಿದಂತೆ ಹಾರುತ್ತದೆ.
• ಸದರ್ನ್ ಬರ್ಡ್‌ವಿಂಗ್: ಕರ್ನಾಟಕದ ರಾಜ್ಯ ಚಿಟ್ಟೆ. ಹಿಂರೆಕ್ಕೆ ಹಳದಿ, ಆದರೆ ಕುಟುಂಬ ಪ್ಯಾಪಿಲಿಯೋನಿಡೇ.
• ರಾಜ್ಯ ಚಿಟ್ಟೆ ಘೋಷಿಸಿದ ಮೊದಲ ರಾಜ್ಯ ಮಹಾರಾಷ್ಟ್ರ: ಬ್ಲೂ ಮಾರ್ಮನ್, 2015.
• ದೇಶದ ಮೊದಲ ಚಿಟ್ಟೆ ಉದ್ಯಾನ: ಬನ್ನೇರುಘಟ್ಟ, 2006.

ಕಂಡದ್ದನ್ನು ದಾಖಲಿಸುವುದು

2020ರಿಂದ ಪ್ರತಿ ಸೆಪ್ಟೆಂಬರ್ ದೇಶದಲ್ಲಿ ಬಿಗ್ ಬಟರ್‌ಫ್ಲೈ ಮಂತ್ ನಡೆಯುತ್ತಿದೆ, ಯಾರು ಬೇಕಾದರೂ ಸೇರಬಹುದು. ವಲಸೆ ಕಂಡರೆ ಎರಡು ಮರದ ನಡುವೆ ಗೆರೆಯೊಂದನ್ನು ಕಲ್ಪಿಸಿಕೊಂಡು ಐದು ನಿಮಿಷದಲ್ಲಿ ಅದನ್ನು ದಾಟಿದವನ್ನು ಎಣಿಸಿ. ತಾರೀಖು, ಗಂಟೆ, ಹೊರಟ ದಿಕ್ಕು, ಗಾಳಿಯ ದಿಕ್ಕು ಬರೆದುಕೊಳ್ಳಿ. ಹೆಚ್ಚಿನವರು ಇಷ್ಟಕ್ಕೇ ನಿಲ್ಲಿಸುತ್ತಾರೆ. ಇನ್ನೊಂದು ಸಾಲು ಸೇರಿಸಿ: ಹತ್ತಿರದ ಕಕ್ಕೆ ಮರ ಅಂದು ಚಿಗುರಿತ್ತೇ, ಬೋಳಾಗಿತ್ತೇ?