ಹಬ್ಬದ ಬಾಣಲೆಯೂ ನೆರೆಮನೆಯ ಪಾಲೂ

ಓದತಕ್ಕ ವೇದಭಾಗಗಳು: ನೆಹೆಮೀಯ 8:9–12, 1 ಅರಸುಗಳು 17:8–16

ದಶಂಬರ ತಿಂಗಳು ಬಂದೊಡನೆ ನಮ್ಮ ಕರಾವಳಿಯ ಕ್ರೈಸ್ತರ ಮನೆಗಳಲ್ಲಿ ಅಕ್ಕಿ ನೆನೆಯಿಡುವದೂ ತೆಂಗಿನಕಾಯಿ ತುರಿಯುವದೂ ಬಾಣಲೆ ತಿಕ್ಕುವದೂ ಆರಂಭವಾಗುವದು. ಇದು ಹೊಟ್ಟೆಯ ಕೆಲಸ, ಇದರಿಂದ ಆತ್ಮಕ್ಕೇನು ಪ್ರಯೋಜನ ಎಂದು ಕೆಲವರು ಎಣಿಸಾರು. ಆದರೆ ಹಬ್ಬದ ದಿನದಲ್ಲಿ ಏನು ತಿನ್ನಬೇಕು, ಅದರಲ್ಲಿ ಯಾರಿಗೆ ಪಾಲು ಸಲ್ಲಬೇಕು ಎಂಬ ವಿಷಯವು ವೇದದಲ್ಲಿಯೇ ಹೇಳಲ್ಪಟ್ಟಿದೆ. ಆದಕಾರಣ ಈ ತಿಂಗಳ ಪಾಠವನ್ನು ನಾವು ಅಡಿಗೆಮನೆಯಿಂದಲೇ ತೆಗೆದುಕೊಳ್ಳುವೆವು.

1. ವೇದಭಾಗದ ತಾತ್ಪರ್ಯ

ಕ್ರಿಸ್ತಪೂರ್ವ 5ನೆಯ ಶತಮಾನದಲ್ಲಿ, ಸೆರೆಯಿಂದ ತಿರಿಗಿ ಬಂದ ಯೆಹೂದ್ಯರು ಯೆರೂಸಲೇಮಿನ ನೀರುಬಾಗಿಲಿನ ಮುಂದಣ ಬೈಲಿನಲ್ಲಿ ಕೂಡಿದಾಗ, ಎಜ್ರನು ಅವರಿಗೆ ಧರ್ಮಶಾಸ್ತ್ರವನ್ನು ಓದಿದನು. ಜನರು ಕೇಳಿ ಅತ್ತರು. ಆಗ ಅವರ ನಾಯಕರು, ಇದು ಅಳುವ ದಿನವಲ್ಲವೆಂದೂ, ಮನೆಗೆ ಹೋಗಿ ಒಳ್ಳೇ ಊಟವನ್ನೂ ಸಿಹಿಯಾದ ಪಾನವನ್ನೂ ತಕ್ಕೊಳ್ಳಬೇಕೆಂದೂ ತಿಳಿಸಿದರು. ಅದರ ಸಂಗಡಲೇ, ಯಾರ ಮನೆಯಲ್ಲಿ ಏನೂ ಸಿದ್ಧವಾಗಿಲ್ಲವೋ ಅವರಿಗೆ ಪಾಲು ಕಳುಹಿಸಬೇಕೆಂದೂ ಅಪ್ಪಣೆಕೊಟ್ಟರು. ತಿನ್ನುವದಕ್ಕೂ ಕೊಡುವದಕ್ಕೂ ಅಪ್ಪಣೆಯು ಒಂದೇ ಉಸಿರಿನಲ್ಲಿ ಬಂತೆಂಬದನ್ನು ಗಮನಿಸಿರಿ.

2. ನಮ್ಮ ಹಬ್ಬದ ತಿಂಡಿಗಳು

ಮಂಗಳೂರು ಉಡುಪಿ ಸೀಮೆಗಳಲ್ಲಿ ಕ್ರಿಸ್ತಜಯಂತಿಯ ತಿಂಡಿಗಳಿಗೆ ಒಟ್ಟಾಗಿ ಕುಸ್ವಾರ್ ಎಂಬ ಹೆಸರುಂಟು. ಅವುಗಳೊಳಗೆ ಎಳ್ಳು ತೆಂಗಿನಕಾಯಿಗಳ ಹೂರಣ ತುಂಬಿದ ನೆವ್ರಿಯು ಒಂದು. ಹಿಟ್ಟಿನ ಸಣ್ಣ ಉಂಡೆಯನ್ನು ಮುಳ್ಳುಚಮಚದ ಬೆನ್ನಿನ ಮೇಲೆ ಒತ್ತಿ ಸುರುಳಿಸಿ, ಕರಿದು, ಸಕ್ಕರೆಪಾಕದಲ್ಲಿ ಹೊರಳಿಸಿದ ಕಿಡಿಯೊ ಇನ್ನೊಂದು. ಕಿಡಿಯೊ ಎಂದರೆ ಕೊಂಕಣಿಯಲ್ಲಿ ಹುಳಗಳು; ಸುರುಳಿಯ ರೂಪದಿಂದ ಆ ಹೆಸರು ಬಂತು. ಬೆಂಗಳೂರಿನವರು ಇದನ್ನೇ ಕಲ್‌ಕಲ್ ಎನ್ನುವರು. ಹೂವಿನ ಆಕಾರದ ಅಚ್ಚಿನಿಂದ ಕರಿದು ತೆಗೆಯುವ ಗುಲಾಬಿ ಹೂವು ಮತ್ತೊಂದು. ಪೇಟೆಯಲ್ಲಿ ಇದಕ್ಕೆ ರೋಸ್ ಕುಕ್ಕಿ ಎನ್ನುವರು. ಇವುಗಳಿಗೆ ರೊಟ್ಟಿ ಸುಡುವ ಬಟ್ಟಿ ಬೇಕಿಲ್ಲ. ಒಂದು ಒಲೆಯೂ ಒಂದು ಬಾಣಲೆಯೂ ಇದ್ದರೆ ಬಡವರ ಮನೆಯಲ್ಲಿಯೂ ಆಗುವವು.

ಗುಲಾಬಿ ಹೂವಿಗೆ 2 ಲೋಟ ನುಣ್ಣಗಿನ ಅಕ್ಕಿಹಿಟ್ಟು, 1½ ಲೋಟ ತೆಂಗಿನ ಹಾಲು, 2 ಮೊಟ್ಟೆ, ½ ಲೋಟ ಸಕ್ಕರೆ, 1 ಚಮಚ ಎಳ್ಳು, ಒಂದು ಚಿಟಿಕೆ ಉಪ್ಪು ಸಾಕು. ಇವುಗಳನ್ನು ತೆಳ್ಳಗಿನ ದೋಸೆಹಿಟ್ಟಿನ ಹದಕ್ಕೆ ಕಲಸತಕ್ಕದ್ದು. ಅಚ್ಚನ್ನು ಮೊದಲು ಕಾದ ಎಣ್ಣೆಯಲ್ಲಿ ಇಟ್ಟು ಬಿಸಿಮಾಡಬೇಕು. ಯಾಕಂದರೆ ತಣ್ಣಗಿರುವ ಅಚ್ಚನ್ನು ಹಿಟ್ಟು ಹಿಡಿಯುವದಿಲ್ಲ. ಆಮೇಲೆ ಅದನ್ನು ಹಿಟ್ಟಿನಲ್ಲಿ ಮುಕ್ಕಾಲು ಭಾಗ ಮಾತ್ರ ಅದ್ದಬೇಕು. ಅಚ್ಚು ಪೂರ್ಣವಾಗಿ ಮುಳುಗಿದರೆ ಹಿಟ್ಟು ಮೇಲಿನಿಂದಲೂ ಕವಚದಂತೆ ಮುಚ್ಚಿಕೊಂಡು, ಎಷ್ಟು ಅಲ್ಲಾಡಿಸಿದರೂ ಹೂವು ಬಿಡುವದಿಲ್ಲ. ಕರಿದವುಗಳು ಪೂರ್ಣ ಆರಿದ ಬಳಿಕವೇ ಗಾಳಿಯಾಡದ ಡಬ್ಬಿಯಲ್ಲಿ ತುಂಬಿರಿ. ಬಿಸಿಯಾಗಿ ಮುಚ್ಚಿದರೆ ಒಳಗಿನ ಹಬೆಯು ನೀರಾಗಿ ತಿಂಡಿಯನ್ನು ಮೆತ್ತಗೆ ಮಾಡುವದು.

3. ತಾಯಿಯಿಂದ ಮಗಳಿಗೆ ಬರುವ ಅಚ್ಚು

ಹೊಸ ಅಚ್ಚಿಗಿಂತ ಹಳೇ ಕಬ್ಬಿಣದ ಅಚ್ಚು ಲೇಸೆಂದು ಹಿರಿಯ ಸ್ತ್ರೀಯರು ಹೇಳುವದುಂಟು, ಅದು ಸತ್ಯವೇ. ವರುಷ ವರುಷವೂ ಎಣ್ಣೆಯಲ್ಲಿ ಕಾದ ಕಬ್ಬಿಣದ ಮೇಲೆ ನಯವಾದ ಪದರವೊಂದು ಕಟ್ಟಿಕೊಳ್ಳುವದರಿಂದ ಹಿಟ್ಟು ಅದಕ್ಕೆ ಅಂಟದೆ ಸುಲಭವಾಗಿ ಬಿಡುವದು.

ಅಚ್ಚನ್ನು ಮಕ್ಕಳಿಗೆ ದಾಟಿಸುವ ಪದ್ಧತಿಯು ನಮ್ಮ ದೇಶದಲ್ಲಿ ಮಾತ್ರ ಇರುವದಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನ ಸೇವಕರಲ್ಲಿ ಮುಂದೆ ಅನೇಕರು ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯವರಾಗಿದ್ದರು. ಆ ಸೀಮೆಯ ಮನೆಗಳಲ್ಲಿ ಕ್ರಿಸ್ತಜಯಂತಿಗೆ ಸ್ಪ್ರಿಂಗರ್ಲೆ ಎಂಬ ಬಿಳೀ ಬಿಸ್ಕತ್ತು ಮಾಡುವರು. ಮೊಟ್ಟೆ ಸಕ್ಕರೆ ಹಿಟ್ಟುಗಳ ಕಣಕವನ್ನು ಕೆತ್ತನೆಯ ಮರದಚ್ಚಿನಿಂದ ಒತ್ತಿ, ಚಿತ್ರವು ಕೆಡದಂತೆ ಒಂದು ರಾತ್ರಿ ಒಣಗಗೊಟ್ಟು, ಮರುದಿನ ಸುಡುವರು. ಆ ಮರದಚ್ಚುಗಳೂ ತಲೆಮಾರಿನಿಂದ ತಲೆಮಾರಿಗೆ ಬಂದವುಗಳು. ಅದೇ ದೇಶದ ನ್ಯೂರೆಂಬರ್ಗ್ ಪಟ್ಟಣವು ಲೇಬ್‌ಕುಕೆನ್ ಎಂಬ ಸಂಬಾರದ ಬಿಸ್ಕತ್ತಿಗೆ ಪ್ರಸಿದ್ಧವಾಗಿದ್ದು, ಅದನ್ನು ಮಾಡುವವರಿಗೆ 1643ರಲ್ಲಿಯೇ ಅಲ್ಲಿ ಸ್ವಂತ ಸಂಘವುಂಟಾಯಿತು. ಅದರೊಳಗೆ ಬೀಳುವ ಏಲಕ್ಕಿಯು ಆ ಕಾಲದಲ್ಲಿ ನಮ್ಮ ಪಶ್ಚಿಮ ಘಟ್ಟಗಳಿಂದ ಹಡಗು ಹತ್ತಿ ಹೋಗುತ್ತಿದ್ದ ಸರಕು. ಹೀಗೆ ನಮ್ಮ ಘಟ್ಟದ ಬೆಳೆಯು, ನಾವು ಎಂದೂ ನೋಡದವರ ಹಬ್ಬದಲ್ಲಿಯೂ ಪಾಲಾಯಿತು.

4. ಒಂದು ಮನೆಯ ವರ್ತಮಾನ

ಅಚ್ಚು ಕೈಸೇರಿದರೂ ಕೈಯ ಅರಿವು ಅದರೊಡನೆ ತಾನಾಗಿ ಬರುವದಿಲ್ಲ. ನಾವು ಅರಿತಿರುವ ಒಂದು ಮನೆಯಲ್ಲಿ, ಹಬ್ಬಕ್ಕೆ ಹತ್ತು ದಿನಗಳ ಮುಂಚೆ ರಾತ್ರಿ ಊಟವಾದ ಮೇಲೆ ಎಲ್ಲರೂ ಒಂದೇ ಚಾಪೆಯ ಸುತ್ತಲೂ ಕುಳಿತು ಕಿಡಿಯೊ ಸುರುಳಿಸುತ್ತಿದ್ದರು. ಮುಳ್ಳುಚಮಚ ಸಾಲದೆ ಹೋದರೆ ಹೊಸ ಬಾಚಣಿಗೆ ಬರುತ್ತಿತ್ತು. ಚಿಕ್ಕವರ ಕಿಡಿಯೊ ಡೊಂಕಾದರೂ ತಾಯಿಯು ಅದನ್ನು ತೆಗೆದುಹಾಕದೆ ಬಾಣಲೆಗೆ ಬಿಡುತ್ತಿದ್ದಳು. ಗುಲಾಬಿ ಹೂವನ್ನು ಮಾತ್ರ ಅವಳೇ ಕರಿಯುತ್ತಿದ್ದಳು. ಅಳತೆಯೆಲ್ಲ ಅವಳ ಕಣ್ಣಂದಾಜು. ಒಂದನ್ನೂ ಬರೆದಿಡಲಿಲ್ಲ, ಯಾರೂ ಕೇಳಿಕೊಳ್ಳಲೂ ಇಲ್ಲ. ಮೊದಲ ತಟ್ಟೆಯು ತಪ್ಪದೆ ನೆರೆಮನೆಗೆ ಹೋಗುತ್ತಿತ್ತು. ಆ ನೆರೆಯವರು ಬೇರೆ ಮತದವರು. ಅಲ್ಲಿಯ ಅಜ್ಜಿಯು ಬಿಡುವಾದಾಗ ಬಂದು ಒಲೆಯ ಬಳಿಯಲ್ಲಿ ಕೂತು ಮಾತಾಡುತ್ತಿದ್ದಳು. ದೀಪಾವಳಿಗೆ ಅವರ ತಿಂಡಿಯೂ ಇವರಿಗೆ ಬರುತ್ತಿತ್ತು.

ತಾಯಿಯು ತೀರಿಹೋದ ವರುಷ ಆ ಮನೆಯಲ್ಲಿ ಬಾಣಲೆ ಇಡಲಿಲ್ಲ. ಸಭೆಯ ಕುಟುಂಬಗಳಿಂದಲೂ ನೆರೆಮನೆಯಿಂದಲೂ ತಟ್ಟೆಗಳು ಬಂದವು. ಮರುವರುಷ ಹೆಣ್ಣುಮಕ್ಕಳಿಬ್ಬರು ಧೈರ್ಯಮಾಡಿ ತಾಯಿಯ ಅಚ್ಚನ್ನು ಹೊರಗೆ ತೆಗೆದರು. ಹಿಟ್ಟು ಸರಿಯಾಗಿತ್ತು, ಎಣ್ಣೆ ಸರಿಯಾಗಿತ್ತು, ಆದರೆ ಒಂದು ಹೂವೂ ಅಚ್ಚನ್ನು ಬಿಡಲಿಲ್ಲ. ಚಾಕುವಿನಿಂದ ಕೆರೆದು ಕೆರೆದು ಹಿರಿಯವಳು ಅಳುತ್ತಾ ಕೂತಾಗ ಆ ಅಜ್ಜಿಯು ಒಳಗೆ ಬಂದು ನೋಡಿ, “ಮಗಳೇ, ಅಚ್ಚಿನ ತಲೆ ಮುಳುಗಬಾರದು ಎಂದು ನಿನ್ನ ಅಮ್ಮ ಹೇಳುತ್ತಿದ್ದಳಲ್ಲಾ, ನೀನು ಕೇಳಲಿಲ್ಲವೋ?” ಅಂದಳು. ಮುಂದಣ ಹೂವು ಎಣ್ಣೆಯಲ್ಲಿ ತಾನಾಗಿ ಬಿಟ್ಟುಕೊಂಡಿತು.

ಮಕ್ಕಳಿಗೆ ಕಲಿಸದೆ ಉಳಿದದ್ದು ನೆರೆಯವಳ ನೆನಪಿನಲ್ಲಿ ಉಳಿದಿತ್ತು. ಆ ತಾಯಿಯು ಬಾಗಿಲು ಮುಚ್ಚಿಕೊಂಡು ತನ್ನವರಿಗೆ ಮಾತ್ರ ಕರಿದಿದ್ದರೆ, ಅವಳ ಕೈಯ ಅರಿವು ಅವಳ ಸಂಗಡಲೇ ಮಣ್ಣಾಗುತ್ತಿತ್ತು.

5. ನಾವು ಮಾಡತಕ್ಕದ್ದು

ಮೊದಲನೇದು, ಬಲ್ಲವರು ಕಲಿಸಬೇಕು. ಈಗ ಬೇಕರಿಯ ಪೊಟ್ಟಣಗಳು ಹಳ್ಳಿಯ ಅಂಗಡಿಗೂ ಬಂದಿರುವದರಿಂದ ಅನೇಕ ಮನೆಗಳಲ್ಲಿ ಅಚ್ಚುಗಳು ಅಟ್ಟ ಸೇರಿವೆ. ಈ ವರುಷ ಅವುಗಳನ್ನು ಇಳಿಸಿರಿ. ಗಂಡುಮಕ್ಕಳನ್ನೂ ಚಾಪೆಗೆ ಕರೆಯಿರಿ. ಅಜ್ಜಿಯ ಅಂದಾಜನ್ನು ಲೋಟದಿಂದ ಅಳೆದು ಒಂದು ಪುಸ್ತಕದಲ್ಲಿ ಬರೆದಿಡಿರಿ.

ಎರಡನೇದು, ಸಾಲ ಮಾಡಿ ಹಬ್ಬ ಮಾಡಬಾರದು. ಐದು ಬಗೆಯ ತಿಂಡಿಗೆ ಹಣ ಸಾಲದಿದ್ದರೆ ಒಂದೇ ಬಗೆ ಸಾಕು. ಚಾರೆಪ್ತದ ವಿಧವೆಯ ಮಡಕೆಯಲ್ಲಿ ಇದ್ದದ್ದು ಒಂದು ಹಿಡಿ ಹಿಟ್ಟು, ಮೊಗೆಯಲ್ಲಿ ಸ್ವಲ್ಪ ಎಣ್ಣೆ. ಅವಳು ಅದರಿಂದಲೇ ಮೊದಲು ಎಲೀಯನಿಗೆ ಮಾಡಿಕೊಟ್ಟಳು. ಬರಗಾಲವು ಮುಗಿಯುವ ತನಕ ಹಿಟ್ಟೂ ಎಣ್ಣೆಯೂ ಕಡಿಮೆಯಾಗಲಿಲ್ಲ.

ಮೂರನೇದು, ಮೊದಲ ತಟ್ಟೆಯು ಹೊರಗೆ ಹೋಗಲಿ. ಸಾವಿನ ದುಃಖದಿಂದ ಬಾಣಲೆ ಇಡದ ಮನೆ, ಒಲೆಯ ಮುಂದೆ ಕೂಡ್ರಲಾರದ ಮುದುಕಿ, ಮಕ್ಕಳು ದೂರದ ಊರಿಗೆ ದುಡಿಯಲು ಹೋದದ್ದರಿಂದ ಒಂಟಿಯಾದ ತಂದೆ, ಇವರು ನಿಮ್ಮ ಊರಲ್ಲಿ ಎಲ್ಲಿದ್ದಾರೆಂದು ಹಬ್ಬಕ್ಕೆ ಮೊದಲೇ ಎಣಿಸಿಕೊಳ್ಳಿರಿ. ಕರಿಯಲಾರದವರು ಅಂಗಡಿಯ ಪೊಟ್ಟಣವನ್ನೇ ಕೊಟ್ಟರೂ ನಾಚಿಕೆಪಡಬೇಕಾಗಿಲ್ಲ, ಹಂಚಿಕೊಂಡದ್ದೆಲ್ಲವೂ ಪಾಲೇ. ತಟ್ಟೆಯನ್ನು ಕೊಟ್ಟು ಬಾಗಿಲಿನಿಂದಲೇ ತಿರುಗಿ ಬರಬೇಡಿರಿ. ಸ್ವಲ್ಪ ಹೊತ್ತು ಒಳಗೆ ಕುಳಿತು ಮಾತಾಡಿರಿ.

ಕುಟುಂಬಪ್ರಾರ್ಥನೆಯಲ್ಲಿಯೂ ಸ್ತ್ರೀಯರ ಕೂಟದಲ್ಲಿಯೂ ಕೇಳತಕ್ಕ ಪ್ರಶ್ನೆಗಳು

1. ನೆಹೆಮೀಯನ ಕಾಲದ ಜನರು ಯಾರಿಗೆ ಪಾಲು ಕಳುಹಿಸಬೇಕಾಗಿತ್ತು?
2. ಚಾರೆಪ್ತದ ವಿಧವೆಯು ಮೊದಲು ಯಾರಿಗೆ ಮಾಡಿಕೊಟ್ಟಳು? ಆಗ ಅವಳಲ್ಲಿ ಎಷ್ಟಿತ್ತು?
3. ನಮ್ಮ ಮನೆಯಲ್ಲಿ ಒಬ್ಬರಿಗೆ ಮಾತ್ರ ತಿಳಿದಿರುವ ಕೆಲಸ ಯಾವದು? ಅದನ್ನು ಈ ವರುಷ ಯಾರು ಕಲಿಯುವರು?
4. ಈ ಹಬ್ಬದಲ್ಲಿ ನಮ್ಮ ಊರಿನ ಯಾವ ಮನೆಯಲ್ಲಿ ಏನೂ ಸಿದ್ಧವಾಗಲಿಕ್ಕಿಲ್ಲ? ಅಲ್ಲಿಗೆ ತಟ್ಟೆಯನ್ನು ಯಾರು ತೆಗೆದುಕೊಂಡು ಹೋಗುವರು?